ಕಿಟ್ ರಾಕೆಟ್: ಕೆಡುವುದು ಮೇಜಿನ ಮೇಲೆ, ಗೊತ್ತಾಗುವುದು ಮೈದಾನದಲ್ಲಿ

ಅಮೆರಿಕದ ಶಾಲೆಗಳಲ್ಲಿ ಸಂಜೆ ನಡೆಯುವ ವಿಜ್ಞಾನ ಕ್ಲಬ್ಬುಗಳ ಮಕ್ಕಳಿಂದ ಮಾದರಿ ರಾಕೆಟ್ ಕಟ್ಟಿಸಿ ಹಾರಿಸುವುದು ನಮ್ಮ ಕೆಲಸ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ, ಕ್ಲಬ್ಬಿಗೆ ನೆರವಾಗುತ್ತೇವೆಂದು ಒಪ್ಪಿಕೊಂಡುಬಿಟ್ಟ ಅಪ್ಪ ಅಮ್ಮಂದಿರಿಗೆ ಹೇಳಬೇಕಾದ ಮಾತುಗಳು ಇವು. ಕಿಟ್ ಜೊತೆ ಬರುವ ಹಾಳೆಯಲ್ಲಿ ಎಲ್ಲ ಹಂತಕ್ಕೂ ಒಂದೇ ತೂಕ. ನಿಜದಲ್ಲಿ ಹಾಗಿಲ್ಲ. ಹಲವು ತಪ್ಪುಗಳನ್ನು ಮೈದಾನದಲ್ಲಿ ನಿಂತೇ ಸರಿಮಾಡಬಹುದು. ಮೂರು ನಾಲ್ಕು ಕಡೆ ಮಾತ್ರ ಗೋಂದು ಒಣಗಿತೆಂದರೆ ಮುಗಿಯಿತು, ಇನ್ನೊಂದು ಕಿಟ್ ತೆರೆಯಬೇಕು. ಮೇಜಿನ ಸುತ್ತ ಓಡಾಡುವಾಗ ಕಣ್ಣು ಆ ಕಡೆಗಳ ಮೇಲಿರಲಿ.

ಉದಾಹರಣೆಗೆ ಎಸ್ಟಿಸ್ ಕಂಪನಿಯ ಆಲ್ಫಾ ಕಿಟ್ ತೆಗೆದುಕೊಳ್ಳೋಣ. ತರಗತಿಗೆಂದೇ ಹನ್ನೆರಡರ ಪೆಟ್ಟಿಗೆಯಲ್ಲಿ ಸಿಗುತ್ತದೆ. ಉದ್ದ ಸುಮಾರು 31 ಸೆಂ.ಮೀ., ಕಾಗದದ ಕೊಳವೆಯ ವ್ಯಾಸ 25 ಮಿ.ಮೀ.ಗೆ ತುಸು ಕಡಿಮೆ, ಬಾಲ್ಸಾ ಎಂಬ ಹಗುರ ಮರದ ಫಿನ್‌ಗಳು (ಬಾಲದ ರೆಕ್ಕೆಗಳು), 30 ಸೆಂ.ಮೀ. ಅಗಲದ ಪ್ಲಾಸ್ಟಿಕ್ ಪ್ಯಾರಾಚೂಟ್. 18 ಮಿ.ಮೀ. ವ್ಯಾಸ, 70 ಮಿ.ಮೀ. ಉದ್ದದ ಎಂಜಿನ್, ಅಂದರೆ ಮದ್ದು ತುಂಬಿದ ಕಾಗದದ ಕೊಳವೆ, ಇದಕ್ಕೆ ಹೊಂದುತ್ತದೆ. ಆಲ್ಫಾ 3 ಎಂಬ ಇನ್ನೊಂದು ಕಿಟ್‌ನಲ್ಲಿ ಫಿನ್‌ಗಳೆಲ್ಲ ಒಂದೇ ಪ್ಲಾಸ್ಟಿಕ್ ತುಂಡಾಗಿ ಬರುತ್ತವೆ. ಚಿಕ್ಕ ಮಕ್ಕಳಿಗೆ ಅದೇ ವಾಸಿ. ಆದರೆ ಬಾಲ್ಸಾ ಫಿನ್ ಅಂಟಿಸದವನಿಗೆ ರಾಕೆಟ್ ಯಾಕೆ ನೆಟ್ಟಗೆ ಹೋಗುತ್ತದೆಂಬುದು ಅರ್ಧ ಮಾತ್ರ ಗೊತ್ತಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಮೊದಲ ಗಂಡಾಂತರ ಎಂಜಿನ್ ಮೌಂಟ್. ಎಂಜಿನ್ ಕೂರುವ ಸಣ್ಣ ಕೊಳವೆ, ಅದರ ಮುಂತುದಿಯ ತಡೆಬಳೆ, ಎಂಜಿನ್ ಜಾರದಂತೆ ಹಿಡಿಯುವ ಲೋಹದ ಕೊಕ್ಕೆ, ದೊಡ್ಡ ಕೊಳವೆಯ ನಡುವೆ ಇದನ್ನು ನಿಲ್ಲಿಸುವ ಎರಡು ಕಾಗದದ ಉಂಗುರ ಸೇರಿದರೆ ಮೌಂಟ್. ಎಂಜಿನ್ ತನ್ನ ನೂಕುಬಲವನ್ನೆಲ್ಲ ತಡೆಬಳೆಯ ಮೇಲೆ ಹಾಕುತ್ತದೆ. ಅದು ಸರಿಯಾಗಿ ಅಂಟದಿದ್ದರೆ ಎಂಜಿನ್ ರಾಕೆಟ್ಟಿನ ಹೊಟ್ಟೆಯೊಳಗೇ ನುಗ್ಗುತ್ತದೆ. ಕೊಕ್ಕೆ ಸಡಿಲವಿದ್ದರೆ ಇದರ ತಿರುಗುಮುರುಗು: ಮೇಲೆ ಪ್ಯಾರಾಚೂಟ್ ತಳ್ಳಲೆಂದು ಸಿಡಿಯುವ ಮದ್ದು ಎಂಜಿನ್ನನ್ನೇ ಹಿಂದಿನಿಂದ ಹೊರಗೆಸೆಯುತ್ತದೆ, ಪ್ಯಾರಾಚೂಟ್ ಒಳಗೇ ಉಳಿಯುತ್ತದೆ.

ಮೌಂಟನ್ನು ದೊಡ್ಡ ಕೊಳವೆಗೆ ತೂರಿಸುವ ಹೊತ್ತಿನಲ್ಲಿ ತರಗತಿ ಹಾಳಾಗುವುದುಂಟು. ಬಿಳಿ ಅಥವಾ ಹಳದಿ ಮರಗೋಂದಿನಲ್ಲಿರುವ ನೀರನ್ನು ಕಾಗದದ ಉಂಗುರ ಹೀರಿ ಉಬ್ಬುತ್ತದೆ, ಕೆಲವೇ ಸೆಕೆಂಡಿನಲ್ಲಿ ಕಚ್ಚಿಕೊಳ್ಳುತ್ತದೆ. ಅರ್ಧ ತೂರಿಸಿ "ಸರಿಯಾಯ್ತಾ ಸರ್?" ಎಂದು ಮಗು ತಲೆಯೆತ್ತುವಷ್ಟರಲ್ಲಿ ಮೌಂಟ್ ಅಲ್ಲೇ ನಿಂತಿರುತ್ತದೆ, ಆಮೇಲೆ ಎಳೆದರೆ ಕೊಳವೆ ಹರಿಯುತ್ತದೆ. ಆದ್ದರಿಂದ ಮೊದಲು ಗೋಂದಿಲ್ಲದೆ ಪೂರ್ತಿ ತೂರಿಸಿ ನೋಡಬೇಕು. ಬಿಗಿಯಿದ್ದರೆ ಉಂಗುರದ ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಬೇಕು. ಎಲ್ಲಿಯವರೆಗೆ ಹೋಗಬೇಕೆಂದು ಎಂಜಿನ್ ಕೊಳವೆಯ ಮೇಲೆ ಪೆನ್ಸಿಲ್ ಗೆರೆ ಹಾಕಬೇಕು. ಗೋಂದನ್ನು ಉಂಗುರಕ್ಕಲ್ಲ, ದೊಡ್ಡ ಕೊಳವೆಯ ಒಳಮೈಗೆ ಉಂಗುರ ಬಂದು ನಿಲ್ಲುವ ಆಳದಲ್ಲಿ ಕಡ್ಡಿಯಿಂದ ಹಚ್ಚಬೇಕು. ಆಮೇಲೆ ತಡೆಯದೆ ಒಂದೇ ದೂಡು. ಕೊಕ್ಕೆಯ ಬಾಗುವ ತುದಿಗೆ ಗೋಂದು ತಾಗಬಾರದು, ತಾಗಿದರೆ ಎಂಜಿನ್ ಹಾಕಲೂ ಆಗದು ತೆಗೆಯಲೂ ಆಗದು. ಈ ಹಂತಕ್ಕೆ ನಾವು ಇಡೀ ತರಗತಿಯನ್ನು ಒಟ್ಟಿಗೆ ಬಿಡುವುದಿಲ್ಲ, ಇಬ್ಬಿಬ್ಬರನ್ನು ಕರೆದು ಎದುರಿಗೇ ಮಾಡಿಸುತ್ತೇವೆ.

ಸೂಪರ್ ಗ್ಲೂ ಬೇಗ ಒಣಗುತ್ತದಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕಾಗದ ಮತ್ತು ಬಾಲ್ಸಾಕ್ಕೆ ಮರಗೋಂದೇ ಸರಿ. ಅದು ನಾರಿನೊಳಗೆ ಇಳಿದು ಹಿಡಿಯುತ್ತದೆ. ಸೂಪರ್ ಗ್ಲೂ ಪೆಡಸು, ನೆಲಕ್ಕೆ ಬಿದ್ದ ಏಟಿಗೆ ಬಿರಿಯುತ್ತದೆ. ಮಕ್ಕಳ ಬೆರಳುಗಳ ವಿಷಯ ಬೇರೆ ಹೇಳಬೇಕಿಲ್ಲ. ಪ್ಲಾಸ್ಟಿಕ್ ಫಿನ್ ಇರುವ ಕಿಟ್‌ಗೆ ಮಾತ್ರ ಮರಗೋಂದು ಹಿಡಿಯದು, ಪ್ಲಾಸ್ಟಿಕ್ ಅಂಟೇ ಬೇಕು.

ಫಿನ್ ಅಂಟಿಸುವ ಮುನ್ನ ಮರದ ಎಳೆ ನೋಡಬೇಕು. ಎಳೆ ಫಿನ್ನಿನ ಮುಂದಿನ ಅಂಚಿಗೆ ಸಮಾನಾಂತರವಾಗಿರಬೇಕು. ಕೊಳವೆಗೆ ಸಮಾನಾಂತರವಾಗಿದ್ದರೆ ಇಳಿದ ಮೊದಲ ಏಟಿಗೇ ಬುಡದಲ್ಲಿ ಸೀಳುತ್ತದೆ. ಮುಂದಿನ ಅಂಚನ್ನು ದುಂಡಗೆ, ಹಿಂದಿನದನ್ನು ತೆಳ್ಳಗೆ ಉಜ್ಜಬೇಕು. ಕೊಳವೆಗೆ ಅಂಟುವ ಬುಡದ ಅಂಚನ್ನು ಮಾತ್ರ ಚಪ್ಪಟೆಯಾಗಿಯೇ ಬಿಡಬೇಕು. ಉತ್ಸಾಹದಲ್ಲಿ ಮಕ್ಕಳು ನಾಲ್ಕೂ ಕಡೆ ದುಂಡು ಮಾಡಿಬಿಡುತ್ತಾರೆ, ಆಮೇಲೆ ಗೋಂದು ಹಿಡಿಯಲು ಮೈಯೇ ಇರುವುದಿಲ್ಲ. ಕೊಳವೆಯ ಮೇಲೆ ನೇರ ಗೆರೆ ಎಳೆಯಲು ಬಾಗಿಲ ಚೌಕಟ್ಟಿನ ಮೂಲೆಗೆ ಕೊಳವೆ ಒತ್ತಿ ಹಿಡಿದರೆ ಸಾಕು. ಬುಡಕ್ಕೆ ತೆಳ್ಳಗೆ ಗೋಂದು ಸವರಿ, ಗೆರೆಯ ಮೇಲೆ ಒಮ್ಮೆ ಒತ್ತಿ ತೆಗೆದು, ಎರಡು ನಿಮಿಷ ಆರಲು ಬಿಟ್ಟು, ಮತ್ತೆ ತೆಳ್ಳಗೆ ಹಚ್ಚಿ ಕೂರಿಸಿದರೆ ಕೈ ಹಿಡಿದು ನಿಲ್ಲುವ ಕೆಲಸವಿಲ್ಲ. ಮಾರನೆಯ ದಿನ ಸಂದಿನುದ್ದಕ್ಕೂ ಇನ್ನೊಂದು ಗೋಂದಿನ ಗೆರೆ ಎಳೆದು ಬೆರಳಲ್ಲಿ ಸವರಿ, ರಾಕೆಟ್ಟನ್ನು ಮಲಗಿಸಿಯೇ ಒಣಗಿಸಬೇಕು. ನಿಲ್ಲಿಸಿಟ್ಟರೆ ಗೋಂದು ಕೆಳಗಿಳಿದು ಗಂಟು ಕಟ್ಟುತ್ತದೆ.

ಈ ಫಿನ್‌ಗಳು ಮಾಡುವ ಕೆಲಸವನ್ನು ದೀಪಾವಳಿ ರಾಕೆಟ್ಟಿನಲ್ಲಿ ಆ ಉದ್ದ ಕಡ್ಡಿ ಮಾಡುತ್ತದೆ. ಗಾಳಿಯ ಒತ್ತಡ ಒಟ್ಟಾಗಿ ಬೀಳುವ ಬಿಂದು ತೂಕದ ಕೇಂದ್ರಕ್ಕಿಂತ ಹಿಂದಿರಬೇಕು, ಕನಿಷ್ಠ ಒಂದು ಕೊಳವೆ ವ್ಯಾಸದಷ್ಟು ಹಿಂದೆ. ಕಿಟ್ಟನ್ನು ಹಾಳೆಯಂತೆ ಕಟ್ಟಿದರೆ ಲೆಕ್ಕ ತಾನಾಗಿ ಸರಿಯಿರುತ್ತದೆ. ಕೆಡುವುದು ಬಾಲಕ್ಕೆ ಬಣ್ಣ, ಗೋಂದು ಹೆಚ್ಚು ಬಳಿದಾಗ. ಅನುಮಾನ ಬಂದರೆ ಎಂಜಿನ್, ಪ್ಯಾರಾಚೂಟ್ ಎಲ್ಲ ತುಂಬಿದ ರಾಕೆಟ್ಟಿಗೆ ತೂಕದ ಕೇಂದ್ರದಲ್ಲಿ ದಾರ ಕಟ್ಟಿ ತಲೆಯ ಮೇಲೆ ಗುಂಡಗೆ ಬೀಸಿ ನೋಡಿ. ಮೂಗು ಮುಂದಾಗಿ ಸುತ್ತಿದರೆ ಸರಿ. ಅಡ್ಡ ತಿರುಗಿದರೆ ಮೂಗಿನೊಳಗೆ ಸ್ವಲ್ಪ ಜೇಡಿ ತುಂಬಿ ಮತ್ತೆ ಬೀಸಬೇಕು.

ಎರಡನೆಯ ತಿದ್ದಲಾಗದ ಜಾಗ ಮೂಗನ್ನೂ ಕೊಳವೆಯನ್ನೂ ಜೋಡಿಸುವ ರಬ್ಬರ್ ಹುರಿಯದು. ಅದರ ತುದಿಯನ್ನು ಮಡಿಸಿದ ಕಾಗದದೊಳಗೆ ಸಿಕ್ಕಿಸಿ ಕೊಳವೆಯ ಒಳಮೈಗೆ ಅಂಟಿಸುತ್ತಾರೆ. ಬಾಯಿಯಿಂದ ಕನಿಷ್ಠ ಎರಡೂವರೆ ಸೆಂ.ಮೀ. ಒಳಗೆ ಹೋಗಬೇಕು. ಮೇಲಾದರೆ ಮೂಗಿನ ಕತ್ತು ಕೂರುವುದಿಲ್ಲ, ಒಣಗಿದ ಮೇಲೆ ಕೆರೆದು ತೆಗೆದರೆ ಕೊಳವೆ ಹರಿಯುತ್ತದೆ. ಹುರಿ ಗಿಡ್ಡವಾಗಿದ್ದರೆ ಮೂಗು ಚಿಮ್ಮಿ ವಾಪಸು ಬಂದು ಕೊಳವೆಯ ಬಾಯಿಗೇ ಬಡಿಯುತ್ತದೆ, ಅಲ್ಲಿ ನೆಗ್ಗು. ರಾಕೆಟ್ಟಿನ ಉದ್ದದ ಎರಡು ಮೂರು ಪಟ್ಟು ಹುರಿ ಇದ್ದರೆ ಈ ಕಾಟವಿಲ್ಲ.

ರಾಕೆಟ್ ಏಳುವಾಗ ನೆಟ್ಟಗೆ ಹಿಡಿಯುವ ಕಂಬಿ ಲಾಂಚ್ ರಾಡ್. ಅದು ತೂರುವ ಲಗ್ ಎಂಬ ಸಣ್ಣ ನಳಿಗೆ ದೊಡ್ಡ ಕೊಳವೆಗೆ ನೇರವಾಗಿರಲಿ, ಅದರೊಳಗೆ ಬಣ್ಣ ಇಳಿಯದಿರಲಿ. ರಾಡ್ 3 ಮಿ.ಮೀ. ಚಿಲ್ಲರೆ ದಪ್ಪ, ಒಂದು ಪದರ ಬಣ್ಣಕ್ಕೂ ಸಿಕ್ಕಿಕೊಳ್ಳುತ್ತದೆ.

ಇನ್ನು ಎಂಜಿನ್. ಕಾಗದದ ಕವಚ, ಜೇಡಿಮಣ್ಣಿನ ಮೂತಿ, ಒತ್ತಿ ತುಂಬಿದ ಕಪ್ಪು ಮದ್ದು, ಹೊಗೆಯುಗುಳುತ್ತ ನಿಧಾನ ಉರಿಯುವ ಪದರ, ಕೊನೆಗೆ ಪ್ಯಾರಾಚೂಟ್ ತಳ್ಳುವ ಮದ್ದು. ಸಿ6-5 ಎಂದರೆ ಸಿ ಒಟ್ಟು ಶಕ್ತಿಯ ವರ್ಗ, 6 ಸರಾಸರಿ ನೂಕುಬಲ ನ್ಯೂಟನ್‌ಗಳಲ್ಲಿ, 5 ಉರಿ ಮುಗಿದ ಮೇಲೆ ಪ್ಯಾರಾಚೂಟ್ ಬರುವವರೆಗಿನ ಸೆಕೆಂಡು. ಎ ವರ್ಗದ ಮಿತಿ 2.5 ನ್ಯೂಟನ್ ಸೆಕೆಂಡು, ಬಿ 5, ಸಿ 10, ಹೀಗೆ ಅಕ್ಷರಕ್ಕೊಮ್ಮೆ ದುಪ್ಪಟ್ಟು. ಮೊದಲ ಹಾರಾಟಕ್ಕೆ ಎ8-3. ಆಲ್ಫಾಗೆ ಸಿ6-5 ಹಾಕಿದರೆ 300 ಮೀಟರ್ ಆಸುಪಾಸು ಏರುತ್ತದೆನ್ನುತ್ತದೆ ಪೆಟ್ಟಿಗೆ. ಅಷ್ಟೆತ್ತರ ಏರಿದ್ದು ಎಲ್ಲಿ ಇಳಿಯುತ್ತದೆ ಎಂಬುದು ಪೆಟ್ಟಿಗೆಯ ಮೇಲಿರುವುದಿಲ್ಲ.

ಡಬ್ಬಿಯಲ್ಲಿ ಸಿ6-0 ಬೆರೆತಿಲ್ಲವೆಂದು ಪ್ರತಿ ಸಲ ನೋಡಿ. ಅದು ಎರಡು ಹಂತದ ರಾಕೆಟ್ಟಿನ ಕೆಳಗಿನ ಎಂಜಿನ್. ನಿಧಾನ ಪದರವಿಲ್ಲ, ಉರಿ ನೇರ ಮುಂದಕ್ಕೆ ನುಗ್ಗಿ ಪ್ಯಾರಾಚೂಟ್ ಕರಗಿಸುತ್ತದೆ. ಅಳತೆಯಲ್ಲಿ ಎಲ್ಲ ಒಂದೇ ಥರ, ಕವಚದ ಮೇಲಿನ ಅಕ್ಷರ ಓದಿಯೇ ಹಾಕಿ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಎಂಜಿನ್ ಇಡಬೇಡಿ. ಕಾದು ತಣಿದು ಮದ್ದಿನಲ್ಲಿ ಬಿರುಕು ಬಿಟ್ಟರೆ ಉರಿಯುವ ಮೈ ಒಮ್ಮೆಗೇ ಹೆಚ್ಚಿ ಕವಚ ಒಡೆಯುತ್ತದೆ.

ಮದ್ದು ಕಾರ್ಖಾನೆಯಲ್ಲೇ ತುಂಬಿರಬೇಕೆಂಬುದು ಈ ಹವ್ಯಾಸದ ಬುನಾದಿ. 1950ರ ದಶಕದಲ್ಲಿ ನೆಬ್ರಾಸ್ಕಾದ ಚಪ್ಪಲಿ ಅಂಗಡಿಯ ಆರ್ವಿಲ್ ಕಾರ್ಲೈಲ್ ಮತ್ತು ವೈಟ್ ಸ್ಯಾಂಡ್ಸ್ ಕ್ಷಿಪಣಿ ಪರೀಕ್ಷಾ ಕೇಂದ್ರದಲ್ಲಿದ್ದ ಹ್ಯಾರಿ ಸ್ಟೈನ್ ಇದನ್ನು ಶುರುಮಾಡಿದ್ದೇ ಹುಡುಗರು ಮನೆಯಲ್ಲಿ ಮದ್ದು ಕಲಸಿ ಕೈ ಕಳೆದುಕೊಳ್ಳಬಾರದೆಂದು. ಊರಿಗೆ ಹೋಗುವಾಗ ಕಿಟ್ ಒಯ್ಯಬಹುದಾ ಎಂದು ಕೇಳುವ ಕನ್ನಡದ ಮನೆಗಳಿಗೆ ಉತ್ತರವೂ ಇದರಲ್ಲೇ ಇದೆ. ಎಂಜಿನ್ನನ್ನು ವಿಮಾನದಲ್ಲಿ ಕೈಚೀಲದಲ್ಲೂ ಒಯ್ಯುವಂತಿಲ್ಲ, ಚೆಕ್‌-ಇನ್ ಪೆಟ್ಟಿಗೆಯಲ್ಲೂ ಒಯ್ಯುವಂತಿಲ್ಲ. ಅಲ್ಲಿ ಹೋಗಿ ಪಟಾಕಿ ಮದ್ದು ಬಿಚ್ಚಿ ತುಂಬುವ ಯೋಚನೆ ಯಾರಿಗೂ ಬರಬಾರದು. ಬೆಂಗಳೂರಿನ ಮಕ್ಕಳ ಜೊತೆ ಪ್ಲಾಸ್ಟಿಕ್ ಸೋಡಾ ಬಾಟಲಿ, ನೀರು, ಸೈಕಲ್ ಪಂಪಿನ ರಾಕೆಟ್ ಮಾಡಿ, ಸಾಕಷ್ಟು ಮೇಲಕ್ಕೆ ಹೋಗುತ್ತದೆ.

ಮೈದಾನಕ್ಕೆ ಬರೋಣ. ಅಮೆರಿಕದ ರಾಷ್ಟ್ರೀಯ ರಾಕೆಟ್ ಸಂಘದ ಸುರಕ್ಷತಾ ನಿಯಮದಂತೆ ಜಾಗದ ಕಿರಿದಾದ ಬದಿ ಎ ಎಂಜಿನ್‌ಗೆ 100 ಅಡಿ, ಬಿಗೆ 200, ಸಿಗೆ 400 ಇರಬೇಕು. ಅಮೆರಿಕನ್ ಫುಟ್‌ಬಾಲ್ ಅಂಕಣದ ಅಗಲ 160 ಅಡಿ. ಸುತ್ತ ಖಾಲಿ ಜಾಗವಿಲ್ಲದಿದ್ದರೆ ಅಲ್ಲಿ ಎ ಬಿಟ್ಟು ಬೇರೇನೂ ಹಾರಿಸುವ ಹಾಗಿಲ್ಲ. ಗಾಳಿ ಗಂಟೆಗೆ 32 ಕಿ.ಮೀ. ಮೀರಬಾರದೆನ್ನುತ್ತದೆ ನಿಯಮ, ನಾವು ಅದರ ಅರ್ಧಕ್ಕೇ ಸಾಮಾನು ಕಟ್ಟುತ್ತೇವೆ. ಲೆಕ್ಕ ನೋಡಿ: ಈ ಪ್ಯಾರಾಚೂಟಿನಲ್ಲಿ ಆಲ್ಫಾ ಸೆಕೆಂಡಿಗೆ ಸುಮಾರು 3 ಮೀಟರ್ ಇಳಿಯುತ್ತದೆ. 100 ಮೀಟರ್ ಎತ್ತರದಲ್ಲಿ ಬಿಚ್ಚಿದರೆ ಅರ್ಧ ನಿಮಿಷಕ್ಕೂ ಹೆಚ್ಚು ಗಾಳಿಯಲ್ಲಿರುತ್ತದೆ. ಸೆಕೆಂಡಿಗೆ 4 ಮೀಟರ್ ಗಾಳಿಯಿದ್ದರೆ 130 ಮೀಟರ್ ಆಚೆ, ಅಂದರೆ ಶಾಲೆಯ ಚಾವಣಿಯ ಮೇಲೆ. ಪ್ಯಾರಾಚೂಟಿನ ನಡುವೆ ಐದಾರು ಸೆಂ.ಮೀ. ತೂತು ಕತ್ತರಿಸಿದರೆ ಬೇಗ ಇಳಿಯುತ್ತದೆ.

ಪ್ಯಾರಾಚೂಟಿನ ಕೆಳಗೆ ಬೆಂಕಿ ಹಿಡಿಯದ ವಾಡಿಂಗ್ ಕಾಗದ ಮೂರು ನಾಲ್ಕು ಹಾಳೆ, ಒತ್ತದೆ, ಸಡಿಲ ಉಂಡೆಯಾಗಿ. ಮನೆಯ ಟಿಶ್ಯೂ ಹಾಕಿದರೆ ಉರಿಯುತ್ತ ಹುಲ್ಲಿನ ಮೇಲೆ ಬೀಳುತ್ತದೆ. ಚಳಿಯಲ್ಲಿ ಪ್ಲಾಸ್ಟಿಕ್ ಮಡಿಕೆಯಾಗಿಯೇ ನಿಂತುಬಿಡುತ್ತದೆ, ಟಾಲ್ಕಂ ಪೌಡರ್ ಸವರಿ ಹಾರಿಸುವ ಮುನ್ನವಷ್ಟೇ ಮಡಿಸಿ. ತಲೆಕೆಳಗೆ ಹಿಡಿದು ಮೆಲ್ಲಗೆ ಅಲುಗಿಸಿದರೆ ಮೂಗು ಬೀಳಬಾರದು, ಎರಡು ಬೆರಳಲ್ಲಿ ಎಳೆದರೆ ಸಲೀಸಾಗಿ ಬರಬೇಕು. ಸಡಿಲವಿದ್ದರೆ ಕತ್ತಿಗೆ ಒಂದು ಸುತ್ತು ಮಾಸ್ಕಿಂಗ್ ಟೇಪ್.

ಹೆಚ್ಚಿನ ಗೋಳು ಸ್ಟಾರ್ಟರಿನದು, ಅಂದರೆ ವಿದ್ಯುತ್ ಹರಿದಾಗ ಎಂಜಿನ್ನಿಗೆ ಬೆಂಕಿ ಹಚ್ಚುವ ತಂತಿಯದು. ಗುಂಡಿ ಒತ್ತಿದರೂ ರಾಕೆಟ್ ಏಳದಿದ್ದರೆ ತಪ್ಪು ಎಂಜಿನ್ನಿನದು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ, ಬಹುಪಾಲು ಅಲ್ಲ. ತಂತಿಯ ತುದಿ ಮೂತಿಯೊಳಗಿನ ಮದ್ದಿಗೆ ಮುಟ್ಟಿರಬೇಕು. ಅರ್ಧ ಮಿಲಿಮೀಟರ್ ಜಾರಿದರೂ ಅದು ಉರಿದು ಆರುತ್ತದೆ, ಮದ್ದು ಹತ್ತುವುದಿಲ್ಲ. ಪ್ಲಾಸ್ಟಿಕ್ ಬಿರಡೆ ಬಿಗಿಯಾಗಿ ಒತ್ತಿ. ಕ್ಲಿಪ್ಪುಗಳ ಭಾರಕ್ಕೆ ಸ್ಟಾರ್ಟರ್ ಕೆಳಗೆ ಜಗ್ಗುತ್ತದೆ, ಆದ್ದರಿಂದ ವೈರನ್ನು ಸ್ಟ್ಯಾಂಡಿಗೆ ಒಂದು ಸುತ್ತು ಹಾಕಿ. ಕ್ಲಿಪ್ಪುಗಳು ಒಂದಕ್ಕೊಂದು ಅಥವಾ ಕೆಳಗಿನ ಲೋಹದ ತಟ್ಟೆಗೆ ತಾಗಿದರೆ ವಿದ್ಯುತ್ ತಂತಿಯ ತುದಿಗೆ ಹೋಗುವುದೇ ಇಲ್ಲ. ಮೂರು ನಾಲ್ಕು ಹಾರಾಟದ ನಂತರ ಕ್ಲಿಪ್ಪಿಗೆ ಮಸಿ ಕೂರುತ್ತದೆ, ಉಪ್ಪುಕಾಗದದಲ್ಲಿ ಉಜ್ಜಬೇಕು. ಸೆಲ್ ಆಲ್ಕಲೈನ್ ಆಗಿರಲಿ, ಬದಲಿ ಸೆಟ್ ಜೇಬಿನಲ್ಲಿರಲಿ.

ಗುಂಡಿಯ ಪೆಟ್ಟಿಗೆಗೆ ಹಾಕುವ ಸುರಕ್ಷತಾ ಕೀ ಒಬ್ಬರ ಕೈಯಲ್ಲೇ ಇರಬೇಕು, ಅವರೇ ಕ್ಲಿಪ್ ಹಾಕಬೇಕು. ಎಲ್ಲರೂ 15 ಅಡಿ ದೂರ. ಐದರಿಂದ ಗಟ್ಟಿಯಾಗಿ ಎಣಿಕೆ. ಹತ್ತದಿದ್ದರೆ ಕೀ ತೆಗೆದು ಒಂದು ನಿಮಿಷ ಯಾರೂ ಅಲುಗಬಾರದು, ಆ ಒಂದು ನಿಮಿಷ ಮಕ್ಕಳನ್ನು ಹಿಡಿದು ನಿಲ್ಲಿಸುವುದೇ ದಿನದ ದೊಡ್ಡ ಕೆಲಸ. ಹಾರಾಟವಿಲ್ಲದಾಗ ರಾಡಿನ ತುದಿಗೆ ಕ್ಯಾಪ್ ಹಾಕಿಡಿ. ಬಗ್ಗಿದವರ ಕಣ್ಣಿನ ಎತ್ತರಕ್ಕೇ ಅದು ಇರುತ್ತದೆ. ವಿದ್ಯುತ್ ತಂತಿಗೆ ಸಿಕ್ಕ ರಾಕೆಟ್ ಅಲ್ಲೇ ಇರಲಿ.

ಇಳಿದು ಬಂದ ರಾಕೆಟ್ಟಿಗೆ ಮತ್ತೆ ಎಂಜಿನ್ ಹಾಕುವ ಮುನ್ನ ಮೂರು ಕಡೆ ಬೆರಳಾಡಿಸಿ: ಫಿನ್ನಿನ ಬುಡ ಅಲುಗುತ್ತದೆಯೇ, ರಬ್ಬರ್ ಹುರಿ ಎಳೆದಾಗ ಸುಟ್ಟ ಜಾಗದಲ್ಲಿ ಬಿರುಕು ಕಾಣುತ್ತದೆಯೇ, ಕೊಕ್ಕೆ ಒಳಕ್ಕೆ ಬಾಗಿಯೇ ನಿಂತಿದೆಯೇ. ಹುರಿ ಸುಟ್ಟಿದ್ದರೆ ಅಂದಿಗೆ ಆ ರಾಕೆಟ್ ಪೆಟ್ಟಿಗೆಗೆ. ಖಾಲಿ ಕವಚ ಬಿಸಿಯಾಗಿರುತ್ತದೆ, ಕಸಕ್ಕೆ ಹಾಕುವ ಮುನ್ನ ಬಕೆಟ್ಟಿನ ನೀರಿನಲ್ಲಿ ಅದ್ದಿ.