ನಾಯಿ ಬರಲಿ, ಆದರೆ ರೂಮಿನಲ್ಲಿ ಒಂಟಿಯಾಗಿ ಬಿಡಬೇಡಿ

ಕಳೆದ ಸೋಮವಾರ ನಮ್ಮ ರೆಸಾರ್ಟಿನಲ್ಲಿ ಮೀಟಿಂಗ್ ಇತ್ತು. ಗೆಸ್ಟ್‌ಗಳು ನಾಯಿ ಕರೆದುಕೊಂಡು ಬರುವುದನ್ನು ಮುಂದುವರಿಸಬೇಕಾ, ನಿಲ್ಲಿಸಬೇಕಾ ಅಂತ ಎಲ್ಲರನ್ನೂ ಕೇಳಿದರು. ಫ್ರಂಟ್ ಆಫೀಸಿನವರು ಮುಂದುವರಿಸೋಣ ಅಂದರು. ಫೋನ್ ಮಾಡುವವರು ಜಾಸ್ತಿ ಕೇಳುವುದೇ ಅದನ್ನಂತೆ. ರೆಸ್ಟೋರೆಂಟಿನವರು ಬೇಡವೇ ಬೇಡ ಅಂದರು. ನನ್ನ ಸರದಿ ಬಂದಾಗ "ಇರಲಿ ಸರ್, ಆದರೆ ಈಗಿರುವ ಹಾಗೆ ಬೇಡ" ಅಂದೆ. ಅಷ್ಟರಲ್ಲಿ ಟೀ ಬಂತು, ಮಾತು ಬೇರೆ ಕಡೆ ಹೋಯಿತು. ಹೇಳಬೇಕಾಗಿದ್ದು ಹಾಗೇ ಉಳಿಯಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಹೌಸ್‌ಕೀಪಿಂಗ್ ಸೂಪರ್‌ವೈಸರ್. ತೀರ್ಥಹಳ್ಳಿ ಕಡೆಯ ರೆಸಾರ್ಟೊಂದರಲ್ಲಿ ಒಂಬತ್ತು ವರ್ಷದಿಂದ ಕೆಲಸ. ಇಪ್ಪತ್ತೆರಡು ಕಾಟೇಜ್, ಒಂದು ರಾತ್ರಿಗೆ ಕಡಿಮೆ ಅಂದರೂ 14,000 ರೂಪಾಯಿ. ನಮ್ಮ ಮನೆ ಮೇಗರವಳ್ಳಿ ಹತ್ತಿರ. ಮನೆಯಲ್ಲಿ ಕಾಳ ಅಂತ ಒಂದು ನಾಟಿ ನಾಯಿ ಇದೆ. ನಾಯಿಯ ಮೇಲೆ ನನಗೆ ಪ್ರೀತಿ ಇದೆ. ನಾಯಿ ಇದ್ದ ರೂಮನ್ನು ಕ್ಲೀನ್ ಮಾಡಿಸುವ ಕೆಲಸವೂ ನನ್ನದೇ. ಹಾಗಾಗಿ ಎರಡೂ ಕಡೆಯಿಂದ ನೋಡಿದ್ದೇನೆ.

ಮೊದಲು ಹನಿಯ ವಿಷಯ ಹೇಳಬೇಕು.

ಹೋದ ವರ್ಷ ದಸರಾ ರಜೆಯಲ್ಲಿ ಬೆಂಗಳೂರಿನ ಒಂದು ಕುಟುಂಬ ಬಂದಿತ್ತು. ಅವರ ಜೊತೆ ಒಂದು ಗೋಲ್ಡನ್ ರಿಟ್ರೀವರ್, ಹೆಸರು ಹನಿ. ಮೂರು ವರ್ಷದ ಹೆಣ್ಣು ನಾಯಿ, ತುಂಬಾ ಸಾಧು. ಎರಡನೇ ದಿನ ಬೆಳಿಗ್ಗೆ ಮನೆಯವರೆಲ್ಲ ಕವಲೇದುರ್ಗದ ಕೋಟೆ ನೋಡಲು ಹೊರಟರು. ಹನಿಯನ್ನು ರೂಮಿನಲ್ಲಿ ಬಿಟ್ಟು, ಜೊತೆಗೆ ಸದ್ದು ಇರಲಿ ಅಂತ ಟಿವಿ ಹಾಕಿ, ಬಾಗಿಲಿಗೆ ಡೋಂಟ್ ಡಿಸ್ಟರ್ಬ್ ಬೋರ್ಡ್ ನೇತುಹಾಕಿದ್ದರು.

ಮಧ್ಯಾಹ್ನ ಒಂದೂವರೆ ಹೊತ್ತಿಗೆ ಮೋಡ ಕಪ್ಪಾಯಿತು. ಹಿಂಗಾರು ಮಳೆ ಹೇಗೆ ಅಂತ ನಮ್ಮ ಕಡೆಯವರಿಗೆ ಗೊತ್ತು, ಗುಡುಗು ಸಿಡಿಲು ಎಲ್ಲಾ ಒಟ್ಟಿಗೇ ಬರುತ್ತದೆ. ಕರೆಂಟ್ ಹೋಯಿತು. ಟಿವಿ ನಿಂತಿತು. ಜನರೇಟರ್ ಧಡ್ ಅಂತ ಶುರುವಾಯಿತು. ಅಷ್ಟೇ, ಹನಿ ಕೂಗಲು ಶುರು ಮಾಡಿತು. ಬೊಗಳಿದ್ದಲ್ಲ. ಕರುವನ್ನು ಬಿಟ್ಟು ಬಂದ ಹಸು ಕೂಗುತ್ತದಲ್ಲ, ಹಾಗೆ ಎಳೆದು ಎಳೆದು ಕೂಗಿತು.

ನಮಗೆ ಒಳಗೆ ಹೋಗುವ ಹಾಗಿಲ್ಲ. ಬೋರ್ಡ್ ಹಾಕಿದ ರೂಮು, ಒಳಗೆ ಬಿಟ್ಟ ನಾಯಿ, ಏನಾದರೂ ಆದರೆ ಹೊಣೆ ನಮ್ಮ ತಲೆಗೆ. ಫ್ರಂಟ್ ಆಫೀಸಿನಿಂದ ಫೋನ್ ಮಾಡಿದರು. ಕೋಟೆ ಮೇಲೆ ನೆಟ್‌ವರ್ಕ್ ಸಿಗಲಿಲ್ಲ. ಬಾಗಿಲು ಕೆರೆಯುವ ಸದ್ದು ನಿಲ್ಲಲೇ ಇಲ್ಲ. ಕೊನೆಗೆ ನಾನು ಬಾಗಿಲ ಹೊರಗೆ ನೆಲದ ಮೇಲೆ ಕೂತೆ. ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದು ಇತ್ತು. ಎರಡು ಬೆರಳು ಒಳಗೆ ಹಾಕಿ, "ಏನಿಲ್ಲ ಕಣೇ, ಗುಡುಗು ಕಣೇ, ಹೋಗ್ತದೆ" ಅಂತ ಕಾಳನಿಗೆ ಹೇಳುವ ಹಾಗೇ ಹೇಳಿದೆ. ಸ್ವಲ್ಪ ಹೊತ್ತಿಗೆ ಕೆರೆಯುವುದು ನಿಂತಿತು. ಬೆರಳಿಗೆ ಮೊದಲು ಬಿಸಿ ಉಸಿರು ತಾಗಿತು. ಆಮೇಲೆ ಒದ್ದೆ ಮೂಗು. ನಾನು ಬೆರಳು ತೆಗೆದರೆ ಮತ್ತೆ ಕೂಗುತ್ತಿತ್ತು. ಹಾಗೇ ಒಂದು ಗಂಟೆ ಕೂತೆ.

ನಾಲ್ಕು ಗಂಟೆಗೆ ಅವರು ಬಂದರು. ಬಾಗಿಲ ಒಳಭಾಗದಲ್ಲಿ ಹಿಡಿಯಿಂದ ಕೆಳಗಿನವರೆಗೆ ಗೀರು, ಮ್ಯಾಟ್ ಮೇಲೆ ಮರದ ಚೂರು, ಹಾಸಿಗೆ ಮೇಲೆ ಅಲ್ಲಲ್ಲಿ ರಕ್ತದ ಕಲೆ. ಮುಂಗಾಲಿನ ಎರಡು ಉಗುರು ಸೀಳಿತ್ತು. ದೊಡ್ಡವರು ಬಾಗಿಲ ರಿಪೇರಿ ಬಿಲ್ ವಿಷಯಕ್ಕೆ ಮ್ಯಾನೇಜರ್ ಹತ್ತಿರ ಮಾತಾಡುತ್ತಾ ನಿಂತರು. ಹತ್ತು ವರ್ಷದ ಹುಡುಗಿ ಒಬ್ಬಳು ಓಡಿ ಬಂದು "ಆಂಟಿ, ಕಾಟನ್ ಇದೆಯಾ?" ಅಂತ ಕೇಳಿದಳು. ಇಬ್ಬರೂ ಸೇರಿ ತೊಳೆದು ಬಟ್ಟೆ ಕಟ್ಟಿದೆವು.

ಆ ಮನೆಯವರು ಕೆಟ್ಟವರಲ್ಲ. ಹನಿಯನ್ನು ಮಗಳ ಹಾಗೆ ಸಾಕಿದ್ದರು. ತಪ್ಪು ಆಗಿದ್ದು ಟ್ರಿಪ್ ಪ್ಲಾನ್ ಮಾಡುವಾಗಲೇ. ಮಲೆನಾಡಿಗೆ ಬಂದವರು ಎಲ್ಲಿಗೆ ಹೋಗುತ್ತಾರೆ ನೋಡಿ. ಶೃಂಗೇರಿಗೆ ಹೋದರೆ ದೇವಸ್ಥಾನದೊಳಗೆ ನಾಯಿ ಕರೆದುಕೊಂಡು ಹೋಗಲು ಆಗಲ್ಲ. ಅಭಯಾರಣ್ಯದೊಳಗೆ ಸಾಕುನಾಯಿ ಬಿಡಲ್ಲ, ಬಿಡಲೂಬಾರದು. ಹೋಟೆಲಿಗೆ ಊಟಕ್ಕೆ ಹೋದರೆ ಹೊರಗೆ ನಿಲ್ಲಬೇಕು. ಕಾರಿನಲ್ಲಿ ಬಿಟ್ಟು ಗಾಜು ಏರಿಸಿದರೆ ಸ್ವಲ್ಪ ಬಿಸಿಲಿಗೇ ಒಳಗೆ ಬೇಯುತ್ತದೆ. ಕೊನೆಗೆ ಉಳಿಯುವುದು ರೂಮು. ನಾಯಿಗೆ ಆ ರೂಮು ಗೊತ್ತಿಲ್ಲ, ಅಲ್ಲಿನ ವಾಸನೆ ಗೊತ್ತಿಲ್ಲ, ಇವರು ವಾಪಸ್ ಬರುತ್ತಾರೆ ಅನ್ನುವುದೂ ಗೊತ್ತಿಲ್ಲ. ನಮ್ಮ ಬ್ರೋಷರಿನಲ್ಲಿ ನಾಯಿಗೆ ಸ್ವಾಗತ ಅಂತ ದೊಡ್ಡದಾಗಿ ಹಾಕಿದ್ದಾರೆ. ಬಂದ ನಾಯಿ ಹಗಲೆಲ್ಲಾ ಏನು ಮಾಡಬೇಕು ಅಂತ ಎಲ್ಲೂ ಬರೆದಿಲ್ಲ.

ನನ್ನ ಮೊದಲ ಮಾತು ಇದೇ. ನಾಯಿ ತರಲಿ, ಆದರೆ ರೂಮಿನಲ್ಲಿ ಅದನ್ನು ಒಂಟಿಯಾಗಿ ಬಿಟ್ಟು ಹೋಗುವ ಹಾಗಿಲ್ಲ ಅಂತ ಬುಕಿಂಗ್ ಮಾಡುವಾಗಲೇ ಹೇಳಬೇಕು. ಚೆಕ್‌ಇನ್ ಆದ ಮೇಲೆ ಫಾರಂನಲ್ಲಿ ಸಣ್ಣ ಅಕ್ಷರದಲ್ಲಿ ಸಹಿ ಹಾಕಿಸಿದರೆ ಪ್ರಯೋಜನ ಇಲ್ಲ. ರೈಲಿನವರ ನಿಯಮ ನೋಡಿ, ಎಷ್ಟು ಸ್ಪಷ್ಟವಾಗಿದೆ. ಫಸ್ಟ್ ಎಸಿಯಲ್ಲಿ ಇಡೀ ಕೂಪೆಯೋ ಕ್ಯಾಬಿನ್ನೋ ನಿಮ್ಮದಾಗಿದ್ದರೆ ಮಾತ್ರ ನಾಯಿ ನಿಮ್ಮ ಜೊತೆ ಬರಬಹುದು, ಇಲ್ಲದಿದ್ದರೆ ಗಾರ್ಡ್ ಡಬ್ಬಿಯ ಪೆಟ್ಟಿಗೆ. ಇಷ್ಟ ಆಗಲಿ ಬಿಡಲಿ, ಮನೆಯಿಂದ ಹೊರಡುವ ಮೊದಲೇ ಗೊತ್ತಿರುತ್ತದೆ.

ಇನ್ನು ಕ್ಲೀನಿಂಗ್. ಇದನ್ನು ಮೀಟಿಂಗಿನಲ್ಲಿ ಯಾರೂ ಕೇಳಲ್ಲ.

ಒಂದು ಕಾಟೇಜ್ ಚೆಕ್‌ಔಟ್ ಆದರೆ ನಮ್ಮ ಹುಡುಗಿಯರು ನಲವತ್ತು ನಿಮಿಷದಲ್ಲಿ ರೆಡಿ ಮಾಡುತ್ತಾರೆ. ನಾಯಿ ಇದ್ದ ರೂಮಿಗೆ ಎರಡು ಗಂಟೆ ಬೇಕು. ಸೋಫಾ ಬಟ್ಟೆಯಲ್ಲಿ ಸಿಕ್ಕ ಕೂದಲು ವ್ಯಾಕ್ಯೂಮಿಗೆ ಬರಲ್ಲ. ರಬ್ಬರ್ ಗ್ಲೌಸ್ ಹಾಕಿ, ಸ್ವಲ್ಪ ಒದ್ದೆ ಮಾಡಿ, ಒಂದೇ ದಿಕ್ಕಿಗೆ ಸವರಿ ಉಂಡೆ ಕಟ್ಟಿ ತೆಗೆಯಬೇಕು. ಉಚ್ಚೆ ಬಿದ್ದ ಜಾಗಕ್ಕೆ ಬಿಸಿನೀರು ಹಾಕಿದರೆ ವಾಸನೆ ಅಲ್ಲೇ ಕೂರುತ್ತದೆ. ಅಮೋನಿಯಾ ಇರುವ ಕ್ಲೀನರ್ ಹಾಕಿದರೆ ಅದೂ ಉಚ್ಚೆಯ ಹಾಗೇ ನಾರುವುದರಿಂದ ಮುಂದಿನ ನಾಯಿ ಅಲ್ಲೇ ಕಾಲೆತ್ತುತ್ತದೆ. ತಣ್ಣೀರಲ್ಲಿ ಒರೆಸಿ, ಎಂಜೈಮ್ ಇರುವ ದ್ರಾವಣ ಹಾಕಿ, ಅದು ಕೆಲಸ ಮಾಡುವ ತನಕ ಕಾಯಬೇಕು. ಮುಂದಿನ ಗೆಸ್ಟ್‌ಗೆ ಅಲರ್ಜಿ ಇದ್ದರೆ ಕಷ್ಟ. ಅಲರ್ಜಿ ಬರುವುದು ಬರೀ ಕೂದಲಿನಿಂದ ಅಲ್ಲ. ನಾಯಿಯ ಜೊಲ್ಲು, ಚರ್ಮದ ಹೊಟ್ಟು ಇವುಗಳಿಂದ. ಕಣ್ಣಿಗೆ ಕಾಣುವ ಕೂದಲು ತೆಗೆದ ಮಾತ್ರಕ್ಕೆ ರೂಮು ಚೊಕ್ಕ ಆಗಲ್ಲ.

ಮಳೆಗಾಲದಲ್ಲಂತೂ ಕೇಳಲೇಬೇಡಿ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ನಮ್ಮ ಮನೆಯಲ್ಲಿ ಬಚ್ಚಲ ಒಲೆ ಮೇಲೆ ಗಳ ಕಟ್ಟಿ ಬಟ್ಟೆ ಒಣಗಿಸುತ್ತೇವೆ. ಒದ್ದೆ ನಾಯಿ ಮಲಗೆದ್ದ ದಪ್ಪ ರಜಾಯಿಯನ್ನು ಎಲ್ಲಿ ಒಣಗಿಸುವುದು? ಡ್ರೈಯರಿಗೆ ಎರಡು ಸಲ ಹಾಕಿದರೂ ಒಳಗಿನ ಹತ್ತಿ ತಣ್ಣಗೇ ಇರುತ್ತದೆ.

ಇಷ್ಟೆಲ್ಲಾ ಆಗುವಾಗ ಹುಡುಗಿಯರ ಲೆಕ್ಕ ಮಾತ್ರ ಬದಲಾಗಿಲ್ಲ. ದಿನಕ್ಕೆ ಒಬ್ಬರಿಗೆ ಇಷ್ಟು ರೂಮು ಅಂದರೆ ಇಷ್ಟೇ. ನಾಯಿಗೆ ಅಂತ ಗೆಸ್ಟ್ ಕಡೆಯಿಂದ 2,500 ರೂಪಾಯಿ ತೆಗೆದುಕೊಳ್ಳುತ್ತಾರೆ. ಅದರಲ್ಲಿ ಒಂದು ರೂಪಾಯಿಯೂ ಗ್ಲೌಸ್ ಹಾಕಿ ಕೂದಲು ತೆಗೆದವಳ ಕೈಗೆ ಬಂದಿಲ್ಲ. ಇದು ನ್ಯಾಯ ಅಲ್ಲ. ನಾಯಿ ಇದ್ದ ರೂಮನ್ನು ಎರಡು ರೂಮು ಅಂತ ಲೆಕ್ಕ ಹಿಡಿಯಬೇಕು, ಆ ಹಣದಲ್ಲಿ ಒಂದು ಪಾಲು ಅವರಿಗೆ ಕೊಡಬೇಕು. ನಮ್ಮ ಟೀಮಿನಲ್ಲಿ ಒಬ್ಬಳಿಗೆ ಚಿಕ್ಕವಳಿದ್ದಾಗ ಹುಚ್ಚುನಾಯಿ ಕಚ್ಚಿ ಇಂಜೆಕ್ಷನ್ ಆಗಿತ್ತು. ಇವತ್ತಿಗೂ ನಾಯಿ ಎದುರು ಬಂದರೆ ಅವಳ ಕೈ ನಡುಗುತ್ತದೆ. ಅವಳನ್ನು ಆ ರೂಮಿಗೆ ಕಳಿಸಬಾರದು. ನಾನು ಕಳಿಸುವುದಿಲ್ಲ, ನಾನೇ ಹೋಗುತ್ತೇನೆ. ನನ್ನ ರಜೆ ದಿನ ಅವಳೇ ಹೋಗಬೇಕಾಗುತ್ತದೆ.

ಮೀಟಿಂಗಿನಲ್ಲಿ ಒಬ್ಬರು, "ಹಿತ್ತಲಲ್ಲಿ ಒಳ್ಳೇ ಗೂಡು ಕಟ್ಟಿಸೋಣ, ನಾಯಿ ರಾತ್ರಿ ಅಲ್ಲಿರಲಿ, ರೂಮೂ ಹಾಳಾಗಲ್ಲ" ಅಂದರು. ಅವರು ಈ ಕಡೆಯವರಲ್ಲ. ಮಲೆನಾಡಿನಲ್ಲಿ ರಾತ್ರಿ ನಾಯಿಯನ್ನು ಹೊರಗೆ ಕಟ್ಟಿದರೆ ಏನಾಗುತ್ತದೆ ಅಂತ ನಮ್ಮನ್ನು ಕೇಳಬೇಕು. ಕಾಳನಿಗಿಂತ ಮೊದಲು ನಮ್ಮಲ್ಲಿ ಬೊಗ್ಗ ಅಂತ ಇತ್ತು. ಕೊಟ್ಟಿಗೆ ಪಕ್ಕ ಸರಪಳಿ ಹಾಕಿ ಕಟ್ಟಿದ್ದೆವು. ಒಂದು ರಾತ್ರಿ ಎರಡೇ ಎರಡು ಸಲ ಬೊಗಳಿತು. ಬ್ಯಾಟರಿ ಹಿಡಿದು ಹೊರಗೆ ಬರುವಷ್ಟರಲ್ಲಿ ಚಿರತೆ ಹೊತ್ತುಕೊಂಡು ಹೋಗಿತ್ತು. ಬೆಳಿಗ್ಗೆ ನೋಡಿದರೆ ತೋಟದ ಅಗಳಿನವರೆಗೆ ಎಳೆದ ಗುರುತು. ಕಾಳ ಈಗ ರಾತ್ರಿ ಒಳಗೇ ಮಲಗುತ್ತದೆ. ಗೆಸ್ಟ್‌ಗಳ ನಾಯಿಗೆ ಕಾಡೇ ಗೊತ್ತಿಲ್ಲ. ಇಲ್ಲಿ ನಾಯಿಯನ್ನು ಬರಮಾಡಿಕೊಳ್ಳುವುದಾದರೆ ಮನೆಯೊಳಗೇ ಬರಮಾಡಿಕೊಳ್ಳಬೇಕು. ಜಗುಲಿಯಲ್ಲೂ ಕಟ್ಟುವ ಹಾಗಿಲ್ಲ.

ಹಗಲಿನಲ್ಲೂ ಹಗ್ಗ ಬಿಚ್ಚಬಾರದು. ಮಳೆಗಾಲದಲ್ಲಿ ಇಂಬಳ, ಅಂದರೆ ಜಿಗಣೆ, ಬೆರಳಿನ ಸಂದಿಗೆ, ಮೂಗಿನೊಳಗೆ ಹೋಗುತ್ತದೆ. ಬೇಸಿಗೆಯಲ್ಲಿ ಉಣುಗು, ಅಂದರೆ ರಕ್ತ ಹೀರುವ ಉಣ್ಣೆ. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದೇ ನಮ್ಮ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರದ ಅರಳಗೋಡು ಕಡೆ ಎಷ್ಟು ಮನೆಗಳು ಅತ್ತವು ಅಂತ ಇಲ್ಲಿ ಯಾರೂ ಮರೆತಿಲ್ಲ. ನವೆಂಬರ್‌ನಿಂದ ಮೇವರೆಗೆ ದರಗು, ಅಂದರೆ ಒಣ ಎಲೆ, ತರಲು ಕಾಡಿಗೆ ಹೋಗುವವರು ಉಣುಗು ಹತ್ತದಿರಲಿ ಅಂತ ಕೈಕಾಲಿಗೆ ಡೇಪಾ ಎಣ್ಣೆ ಹಚ್ಚಿಕೊಂಡು ಹೋಗುತ್ತಾರೆ. ಗೆಸ್ಟ್ ಬಿಟ್ಟ ನಾಯಿ ಅದೇ ದರಗಿನಲ್ಲಿ ಹೊರಳಾಡಿ ಬಂದು ಹಾಸಿಗೆ ಹತ್ತುತ್ತದೆ. ಸತ್ತ ಮಂಗ ಬಿದ್ದಿದ್ದರೆ ಮೂಸಲು ಹೋಗುತ್ತದೆ. ಮಂಗ ಸತ್ತ ಮೇಲೆ ಅದರ ಮೈಮೇಲಿನ ಉಣುಗು ಸುತ್ತ ಉದುರಿರುತ್ತದೆ. ಆ ಉಣುಗು ರೂಮಿಗೆ ಬಂದರೆ ಮೊದಲು ಹತ್ತುವುದು ಗೆಸ್ಟ್‌ಗೆ, ಇಲ್ಲಾ ಬೆಡ್‌ಶೀಟ್ ಕೊಡವುವ ಹುಡುಗಿಗೆ. ಆದ್ದರಿಂದ ಹೊರಗೆ ಹೋಗಿ ಬಂದ ನಾಯಿಯ ಕಿವಿ ಹಿಂದೆ, ಕಂಕುಳಲ್ಲಿ, ಬೆರಳ ಸಂದಿಯಲ್ಲಿ ನೋಡಿಯೇ ಒಳಗೆ ಬಿಡಬೇಕು. ಉಣುಗು ಸಿಕ್ಕರೆ ಚಿಮುಟದಲ್ಲಿ ಹಿಡಿದು ನೇರವಾಗಿ ಎಳೆಯಬೇಕು, ಬೆರಳಲ್ಲಿ ಹಿಸುಕಬಾರದು. ರೇಬೀಸ್ ಲಸಿಕೆ, ಇಲಿಜ್ವರದ ಲಸಿಕೆ ಎರಡೂ ಆಗಿರುವ ಪುಸ್ತಕವನ್ನು ಚೆಕ್‌ಇನ್ ವೇಳೆ ತೋರಿಸಬೇಕು. ಈಗ ಯಾರೂ ಕೇಳುತ್ತಿಲ್ಲ.

ಇಷ್ಟೆಲ್ಲಾ ಹೇಳಿದ ಮೇಲೆ ನಾಯಿ ಯಾಕೆ ಬರಬೇಕು, ಬೇಡ ಅಂದುಬಿಡಬಹುದಲ್ವಾ ಅಂತ ನಮ್ಮ ರೆಸ್ಟೋರೆಂಟಿನವರು ಕೇಳುತ್ತಾರೆ. ಅವರಿಗೆ ನಾನು ಜನವರಿಯಲ್ಲಿ ಬಂದ ಒಬ್ಬ ಅಜ್ಜನ ವಿಷಯ ಹೇಳಿದೆ.

ದಾವಣಗೆರೆ ಕಡೆಯವರು. ವಯಸ್ಸು ಎಪ್ಪತ್ತರ ಮೇಲೆ. ಜೊತೆಗೆ ಕರಿ ಲ್ಯಾಬ್ರಡಾರ್, ಅದಕ್ಕೆ ಹದಿಮೂರು ವರ್ಷ, ಎರಡೂ ಕಣ್ಣಲ್ಲಿ ಪೊರೆ. ಮೊಮ್ಮಗನ ಮದುವೆಗೆ ಅಂತ ಈ ಕಡೆ ಬಂದಿದ್ದರು. "ಮನೆಯಲ್ಲಿ ನೋಡ್ಕೊಳ್ಳೋಕೆ ಯಾರೂ ಇಲ್ಲ. ಬೇರೆಯವರ ಕೈಯಲ್ಲಿ ಇದು ಊಟ ಮಾಡಲ್ಲ" ಅಂದರು. ರೂಮಿಗೆ ಬಂದವರೇ ಮಂಚ, ಕುರ್ಚಿ ಎಲ್ಲಿದೆ ಅಂತ ನೋಡಿ, ಮೂಲೆ ಚೂಪಾಗಿದ್ದ ಟೀಪಾಯಿಯನ್ನು ಗೋಡೆಗೆ ಸರಿಸಿದರು. ತಾವೇ ತಂದ ಹಳೇ ಜಮಖಾನ ಹಾಸಿದರು. ಬೆಳಿಗ್ಗೆ ಆರಕ್ಕೆ ಹಗ್ಗ ಹಿಡಿದು ಅಂಗಳ ಸುತ್ತಿಸಿ, ಅದು ಮಾಡಿದ ಗಲೀಜನ್ನು ಕಾಗದದಲ್ಲಿ ತಾವೇ ತೆಗೆದರು. ಮದುವೆ ಮನೆಗೆ ಹೋಗಬೇಕಾದ ಎರಡು ಗಂಟೆ ಮಾತ್ರ "ಅಮ್ಮಾ, ನೀವು ಇದರ ಪಕ್ಕ ಕೂರ್ತೀರಾ?" ಅಂತ ನನ್ನ ಹತ್ತಿರ ಬಂದು ಕೇಳಿದರು. ಕೂತೆ. ಅದು ನನ್ನ ಪಾದದ ಮೇಲೆ ಗದ್ದ ಇಟ್ಟು ನಿದ್ದೆ ಮಾಡಿತು. ಹೊರಗೆ ಕಾರಿನ ಸದ್ದು ಕೇಳಿದಾಗೆಲ್ಲಾ ಕಿವಿ ಮಾತ್ರ ಎತ್ತುತ್ತಿತ್ತು.

ನಾಯಿಗೆ ಬಾಗಿಲು ಹಾಕಿದರೆ ಇಂಥವರು ಮೊಮ್ಮಗನ ಮದುವೆಗೇ ಬರುತ್ತಿರಲಿಲ್ಲ. ಹಾಗಾಗಿ ಬೇಡ ಅಂತ ನಾನು ಯಾವತ್ತೂ ಹೇಳಲಾರೆ. ಕಣ್ಣು ಕಾಣದವರ ದಾರಿ ನೋಡುವ ನಾಯಿ ಬಂದರಂತೂ ಶುಲ್ಕವನ್ನೂ ಕೇಳಬಾರದು.

ನಮ್ಮಲ್ಲಿ ಕೆಳಗಿನ ಸಾಲಿನ ಆರು ಕಾಟೇಜ್‌ಗಳಿಗೆ ರೆಡ್ ಆಕ್ಸೈಡ್ ನೆಲ. ಕಾರ್ಪೆಟ್ ಇಲ್ಲ, ಮೆಟ್ಟಿಲಿಲ್ಲ, ಬಾಗಿಲು ತೆರೆದರೆ ಅಂಗಳ. ಆ ಆರನ್ನು ನಾಯಿ ಇರುವವರಿಗೆ ಇಡಿ, ಉಳಿದ ಹದಿನಾರಕ್ಕೆ ನಾಯಿ ಬೇಡ. ಅಲರ್ಜಿ ಇರುವವರು, ಹೆದರುವವರು ಅಲ್ಲಿ ನೆಮ್ಮದಿಯಾಗಿ ಇರಲಿ. ಮನೆಯವರು ಹೊರಗೆ ಹೋಗಲೇಬೇಕಾದ ಹೊತ್ತಿಗೆ ನಾಯಿ ಜೊತೆ ಕೂರಲು ಒಬ್ಬರನ್ನು ಕೆಲಸಕ್ಕೆ ಇಟ್ಟುಕೊಳ್ಳಿ. ನಮ್ಮೂರಿನಲ್ಲಿ ಪಿಯುಸಿ ಮುಗಿಸಿ ಸುಮ್ನೆ ಮನೆಯಲ್ಲಿರುವ, ನಾಯಿ ಅಂದರೆ ಜೀವ ಬಿಡುವ ಹುಡುಗರು ಇದ್ದಾರೆ. ನಾಯಿಗೆ ಅಂತ ತೆಗೆದುಕೊಳ್ಳುವ 2,500 ರೂಪಾಯಿಯಲ್ಲಿ ಒಬ್ಬ ಹುಡುಗನ ಆ ದಿನದ ಸಂಬಳ ಖಂಡಿತ ಬರುತ್ತದೆ. ಇದನ್ನು ಬರೆದು ಮ್ಯಾನೇಜರ್‌ಗೆ ಕೊಟ್ಟಿದ್ದೇನೆ. ಓದುತ್ತೇನೆ ಅಂದಿದ್ದಾರೆ.

ನಾಳೆ ಶುಕ್ರವಾರ. ಎರಡು ನಾಯಿ ಬುಕಿಂಗ್ ಇದೆ, ಒಂದು ಬೀಗಲ್, ಇನ್ನೊಂದಕ್ಕೆ ಜಾತಿ ಬರೆದಿಲ್ಲ. ಹಳೇ ಬೆಡ್‌ಶೀಟ್ ನಾಲ್ಕು ಒಗೆಸಿ ಇಟ್ಟಿದ್ದೇನೆ. ಎರಡನ್ನೂ ಕೆಳಗಿನ ಸಾಲಿಗೇ ಹಾಕಿ ಅಂತ ಫ್ರಂಟ್ ಆಫೀಸಿಗೆ ಹೇಳಿ ಬಂದಿದ್ದೇನೆ.