ಲೈಟ್ ಹಾಕಿದ್ನಲ್ಲ ಅಂಕಲ್

ಭೂಮಾಪನ ಇಲಾಖೆಯಲ್ಲಿ 31 ವರ್ಷ ದುಡಿದು ನಿವೃತ್ತನಾಗಿರುವ ನನ್ನ ಸೈಕಲ್ಲಿನ ಹ್ಯಾಂಡಲ್ಲಿಗೆ ಒಂದು ಬಟ್ಟೆಚೀಲ ಯಾವಾಗಲೂ ತೂಗುತ್ತಿರುತ್ತದೆ. ಅದರಲ್ಲಿ ನೀರಿನ ಬಾಟಲಿ, ಕನ್ನಡಕದ ಡಬ್ಬಿ ಮತ್ತು 30 ಮೀಟರಿನ ಒಂದು ಟೇಪು ಇರುತ್ತವೆ. ಪಿಂಚಣಿ ಬಂದರೂ ಅಳತೆಯ ಹುಚ್ಚು ಬಿಡಲಿಲ್ಲವೆಂದು ನನ್ನ ಹೆಂಡತಿ ನಗುತ್ತಾಳೆ. ಕಳೆದ ಜನವರಿಯ ಒಂದು ಭಾನುವಾರ ಆ ಟೇಪನ್ನು ನಾನು ಯಾರ ಜಮೀನಿಗೂ ಅಲ್ಲದೆ, ನನ್ನನ್ನು ಕೆಡವಿದ ರಸ್ತೆಯ ಅಂಚಿಗೆ ಹಿಡಿಯಬೇಕಾಯಿತು.

ನಂದಿ ಬೆಟ್ಟದ ತಪ್ಪಲಿನ ಹಳ್ಳಿಯೊಂದರಲ್ಲಿ ನನ್ನ ಹಳೆಯ ಸ್ನೇಹಿತರ ದ್ರಾಕ್ಷಿ ತೋಟವಿದೆ. ಪಕ್ಕದ ಹಿಡುವಳಿದಾರರು ಕಲ್ಲುಕಂಬ ನೆಡುವ ಭರದಲ್ಲಿ ಗಡಿ ಗುರುತಿನ ಬಾಂದುಕಲ್ಲನ್ನೇ ಕಿತ್ತು ಸರಿಸಿದ್ದಾರೆಂಬುದು ಅವರ ಅನುಮಾನವಾಗಿತ್ತು. ಹದ್ದುಬಸ್ತಿಗೆ, ಅಂದರೆ ಜಮೀನಿನ ಗಡಿ ಅಳೆದು ಗುರುತಿಸಿಕೊಡುವ ಸರ್ಕಾರಿ ಅಳತೆಗೆ, ಅರ್ಜಿ ಹಾಕುವ ಮೊದಲು ಒಮ್ಮೆ ಬಂದು ನೋಡಿ ಹೋಗಿ ಎಂದು ಕರೆದಿದ್ದರು. ಸಕ್ಕರೆ ಕಾಯಿಲೆಯ ಕಾರಣಕ್ಕೆ ದಿನಕ್ಕೆ ಒಂದು ಗಂಟೆಯಾದರೂ ಸೈಕಲ್ ತುಳಿಯಬೇಕೆಂದು ವೈದ್ಯರು ಹೇಳಿರುವುದರಿಂದ, ಎರಡೂ ಕೆಲಸ ಒಟ್ಟಿಗೆ ಆಗಲಿ ಎಂದು ಬೆಳಿಗ್ಗೆ ಎಂಟರ ಹೊತ್ತಿಗೆ ಚಿಕ್ಕಬಳ್ಳಾಪುರದ ಮನೆಯಿಂದ ಹೊರಟೆ. ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ನಾನು ಬೂದು ಬಣ್ಣದ ಸ್ವೆಟರ್ ತೊಟ್ಟಿದ್ದೆ, ಸೈಕಲ್ಲಿಗೆ ದೀಪವಿರಲಿಲ್ಲ. ಈ ಎರಡು ಮಾತನ್ನು ಯಾರೂ ಕೇಳುವ ಮೊದಲೇ ಬರೆದುಬಿಡುವುದು ಒಳ್ಳೆಯದು, ಏಕೆಂದರೆ ಆಮೇಲೆ ಎಲ್ಲರೂ ಕೇಳಿದ್ದು ಇವನ್ನೇ.

ಆ ಕಡೆಯ ಒಳರಸ್ತೆಗಳಲ್ಲಿ ಹಿಂದೆಲ್ಲ ಭಾನುವಾರ ಬೆಳಿಗ್ಗೆ ಹಾಲಿನ ಕ್ಯಾನು ಹೊತ್ತ ಮೋಪೆಡ್ಡುಗಳನ್ನು ಬಿಟ್ಟರೆ ಹೆಚ್ಚು ಸದ್ದಿರುತ್ತಿರಲಿಲ್ಲ. ಈಗ 1,478 ಮೀಟರ್ ಎತ್ತರದ ಬೆಟ್ಟದ ಮೇಲೆ ಸೂರ್ಯೋದಯ ನೋಡಿಕೊಂಡು ಇಳಿಯುವವರಲ್ಲಿ ಕೆಲವರು, 2023ರಲ್ಲಿ ಅನಾವರಣಗೊಂಡ ಆವಲಗುರ್ಕಿಯ ಆದಿಯೋಗಿ ವಿಗ್ರಹವನ್ನೂ ಅದೇ ಬೆಳಿಗ್ಗೆ ನೋಡಿ ಮುಗಿಸಬೇಕೆಂದು, ಮೊಬೈಲಿನ ನಕ್ಷೆ ತೋರಿಸಿದ ಒಳದಾರಿಗಳಿಗೆ ನುಗ್ಗುತ್ತಾರೆ. ಬರಲಿ, ರಸ್ತೆ ಯಾರಪ್ಪನ ಮನೆಯದೂ ಅಲ್ಲ. ನನ್ನ ತಕರಾರು ಇರುವುದು ಡಾಂಬರಿನ ಅಂಚಿನಲ್ಲಿ.

ಈ ಅಂಚಿನ ವಿಚಾರ ಕಾರಿನಲ್ಲಿ ಓಡಾಡುವವರಿಗೆ ತಿಳಿದಿರುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ರಸ್ತೆಗೆ ಪ್ರತಿ ಸಲ ಹೊಸ ಡಾಂಬರು ಹಾಕಿದಾಗಲೂ ಅದು ಹಳೆಯದರ ಮೇಲೆ ಒಂದೆರಡು ಅಂಗುಲ ಏರುತ್ತದೆ. ಪಕ್ಕದ ಮಣ್ಣನ್ನು ಮಾತ್ರ ಯಾರೂ ಏರಿಸುವುದಿಲ್ಲ. ಏರಿಸಿದರೂ ಎರಡು ಮಳೆಗೆ ಕೊಚ್ಚಿಹೋಗುತ್ತದೆ. ಹೀಗೆ ಕೆಲವು ವರ್ಷಗಳಲ್ಲಿ ರಸ್ತೆಯೇ ಒಂದು ಜಗಲಿಯಂತಾಗಿಬಿಡುತ್ತದೆ. ಕಾರಿನ ಚಕ್ರ ಅದನ್ನು ಹತ್ತಿ ಇಳಿಯುವಾಗ ಒಳಗಿರುವವರಿಗೆ ಒಂದು ಕುಲುಕು ಮಾತ್ರ. ಸೈಕಲ್ಲಿನದು ಬೇರೆ ಕಥೆ. ಸೈಕಲ್ ಯಾವ ಕಡೆಗೆ ವಾಲುತ್ತದೆಯೋ ಆ ಕಡೆಗೆ ಮುಂದಿನ ಚಕ್ರವನ್ನು ಕೊಂಚ ತಿರುಗಿಸುತ್ತ, ನಾವು ನಮಗರಿವಿಲ್ಲದೆಯೇ ಬೀಳದಂತೆ ನೋಡಿಕೊಳ್ಳುತ್ತಿರುತ್ತೇವೆ. ಚಕ್ರ ಅಂಚಿನಿಂದ ಕೆಳಗೆ ಜಾರಿದ ಮೇಲೆ ಟಯರಿನ ಪಕ್ಕೆ ಡಾಂಬರಿನ ಗೋಡೆಗೆ ಉಜ್ಜಿಕೊಂಡು ಓಡತೊಡಗುತ್ತದೆ, ಬಲಕ್ಕೆ ತಿರುಗಿಸಲು ಜಾಗವಿರುವುದಿಲ್ಲ. ಬಲಕ್ಕೆ ವಾಲಿದಿರೋ, ಕೆಡೆದಂತೆಯೇ. ಅರವತ್ತೆರಡರ ವಯಸ್ಸಿನಲ್ಲಿ ಇದನ್ನು ಪ್ರಯೋಗ ಮಾಡಿ ಕಲಿಯಬೇಕಾಗಿರಲಿಲ್ಲ.

ಎದುರಿನಿಂದ ಜೋಳದ ಮೇವು ತುಂಬಿದ ಟ್ರ್ಯಾಕ್ಟರ್ ಬರುತ್ತಿತ್ತು. ಮೇವಿನ ಕಡ್ಡಿಗಳು ಟ್ರೈಲರಿನ ಎರಡೂ ಬದಿಗೆ ಚಾಚಿಕೊಂಡಿದ್ದವು. ಇದ್ದಕ್ಕಿದ್ದಂತೆ ಅದರ ಹಿಂದಿನಿಂದ ಬಿಳಿಯ ಕಾರೊಂದು ನನ್ನ ಕಡೆಗೆ ಹೊರಳಿ, ಹೆಡ್‌ಲೈಟನ್ನು ಎರಡು ಮೂರು ಬಾರಿ ಮಿಟುಕಿಸಿತು. ಬ್ರೇಕ್ ಹಾಕುತ್ತಾನೆ, ಟ್ರ್ಯಾಕ್ಟರಿನ ಹಿಂದಕ್ಕೆ ಹೋಗುತ್ತಾನೆ ಎಂದು ಒಂದು ಕ್ಷಣ ಕಾದೆ. ಅವನು ಹೋಗಲಿಲ್ಲ. ನಾನು ಅಂಚಿಗೆ ಸರಿದೆ, ಚಕ್ರ ಜಾರಿತು, ರಬ್ಬರ್ ಉಜ್ಜಿದ ಸದ್ದು ಕೇಳಿಸಿತು, ಆಮೇಲೆ ನಾನು ಡಾಂಬರಿನ ಮೇಲೆ ಬಲಗೈ ಊರಿ ಬಿದ್ದಿದ್ದೆ. ಅಷ್ಟು ಹೊತ್ತಿಗೆ ಕಾರು ದಾಟಿಹೋಗಿತ್ತು. ಅದು ದಾಟಿದ್ದು ನಾನು ಬೀಳುವ ಮೊದಲೋ ಬಿದ್ದ ಮೇಲೋ ಎಂದು ಪೊಲೀಸರು ಕೇಳಿದಾಗ ನನಗೆ ಉತ್ತರ ಹೇಳಲಾಗಲಿಲ್ಲ. ಅಂಗೈಯ ಚರ್ಮ ಸುಲಿದು, ಜಲ್ಲಿಯ ಎರಡು ಸಣ್ಣ ಹರಳು ಒಳಗೆ ಕೂತಿದ್ದವು.

ಕಾರು ಸುಮಾರು 40 ಮೀಟರ್ ಆಚೆ ನಿಂತಿತು. ನಿಲ್ಲಿಸಿದ್ದಕ್ಕೆ ಆ ಹುಡುಗನಿಗೆ ಸಲ್ಲಬೇಕಾದದ್ದು ಸಲ್ಲಲಿ, ಎಷ್ಟೋ ಜನ ನಿಲ್ಲಿಸುವುದಿಲ್ಲ. ನಾನು ಮಾಡಿದ್ದು ಮಾತ್ರ ಸರಿಯಲ್ಲ. ಜಮೀನಿನ ಜಗಳಗಳಲ್ಲಿ ಎರಡೂ ಕಡೆಯವರನ್ನು ಸಮಾಧಾನ ಮಾಡಿಯೇ ವಯಸ್ಸು ಕಳೆದ ನಾನು, ಕುಂಟುತ್ತ ಓಡಿ, ಇಳಿಸಿದ್ದ ಕಿಟಕಿಯೊಳಗೆ ಕೈ ಹಾಕಿದೆ. ಅಪಘಾತವಾದರೆ ಮೊದಲು ಗಾಡಿಯ ಕೀ ಕಿತ್ತುಕೊಳ್ಳಬೇಕೆಂಬುದು ನಮ್ಮ ಕಡೆಯ ಅಲಿಖಿತ ಕಾನೂನು. ಸ್ಟಿಯರಿಂಗಿನ ಪಕ್ಕದಲ್ಲಿ ನನ್ನ ರಕ್ತಸಿಕ್ತ ಕೈ ಹುಡುಕಾಡಿತು. ಕೀ ಇರಬೇಕಾದ ಜಾಗದಲ್ಲಿ ಒಂದು ಗುಂಡಿ ಇತ್ತು. ಒತ್ತಿದರೆ ಸ್ಟಾರ್ಟ್ ಆಗುವ ಗಾಡಿ ಅದು. ಕೈಯನ್ನು ಅಲ್ಲೇ ಇಡಬೇಕೋ ಹೊರಗೆ ತೆಗೆಯಬೇಕೋ ತಿಳಿಯದೆ ನಾನು ಹಾಗೆಯೇ ನಿಂತಿದ್ದೆ. ಹಿಂದಿನ ಸೀಟಿನಲ್ಲಿ ಕೂತಿದ್ದ ವಯಸ್ಸಾದ ಹೆಂಗಸು, "ಅಯ್ಯೋ, ಯಜಮಾನ್ರ ಕೈ ನೋಡೋ" ಎಂದು ಕೂಗಿಕೊಂಡರು.

"ಕಣ್ಣು ಕಾಣಿಸಲ್ವೇನೋ ನಿನಗೆ?" ಎಂದೆ. ಗುರುತಿಲ್ಲದವರನ್ನು ನಾನು ಏಕವಚನದಲ್ಲಿ ಮಾತಾಡಿಸುವವನಲ್ಲ.

ಹುಡುಗ ಹೆದರಿದ್ದ, ಆದರೆ ತಪ್ಪು ಮಾಡಿದವನ ಹಾಗೆ ಅಲ್ಲ. "ಅಷ್ಟು ದೂರದಿಂದ ಲೈಟ್ ಹಾಕಿದ್ನಲ್ಲ ಅಂಕಲ್. ನೀವು ನೋಡಿದ್ರಿ ಕೂಡ. ಕೆಳಗೆ ಇಳಿಸಬಹುದಿತ್ತಲ್ವಾ?"

ಅವನು ಅದನ್ನು ಜಗಳಕ್ಕಾಗಿ ಹೇಳಿದ್ದಲ್ಲ, ನಿಜವಾಗಿಯೂ ಹಾಗೆಯೇ ನಂಬಿದ್ದ. ನನ್ನ ತಂಗಿಯ ಮಗ ಇಂಗ್ಲೆಂಡಿನಲ್ಲಿದ್ದಾನೆ. ಅಲ್ಲಿ ಎದುರಿನವರು ಲೈಟ್ ಮಿಟುಕಿಸಿದರೆ ಬಹುಮಟ್ಟಿಗೆ 'ನೀವು ಮೊದಲು ಹೋಗಿ' ಎಂದು ಅರ್ಥ ಮಾಡಿಕೊಳ್ಳುತ್ತಾರಂತೆ. ನಮ್ಮಲ್ಲಿ ಅದಕ್ಕೆ 'ನಾನು ಬರುತ್ತಿದ್ದೇನೆ, ನಿನ್ನ ಜಾಗ ನೀನು ನೋಡಿಕೋ' ಎಂದರ್ಥ. ಹದ್ದುಬಸ್ತಿಗೆ ಹೋಗುವಾಗ ಸುತ್ತಲಿನ ಹಿಡುವಳಿದಾರರಿಗೆಲ್ಲ ಮುಂಚಿತವಾಗಿ ನೋಟಿಸು ಕೊಡುತ್ತೇವೆ. ಅಳತೆಯ ದಿನ ಅವರೂ ಬರಲಿ, ತಮ್ಮ ಮಾತನ್ನೂ ಹೇಳಲಿ ಎಂಬುದಕ್ಕಾಗಿ ಕೊಡುವ ನೋಟಿಸು ಅದು. ನೋಟಿಸು ತಲುಪಿದೆ, ಆದ್ದರಿಂದ ಜಮೀನು ನನ್ನದು ಎಂದು ಯಾವ ರೈತನೂ ನನ್ನ ಸೇವಾವಧಿಯಲ್ಲಿ ವಾದಿಸಿದ್ದಿಲ್ಲ. ಈ ಹುಡುಗ ವಾದಿಸುತ್ತಿದ್ದದ್ದು ಅದನ್ನೇ.

ಆ ಹೊತ್ತಿಗೆ ಟ್ರ್ಯಾಕ್ಟರಿನವನು ಇಳಿದು ಬಂದ. "ಬಿಡಿ ಸಾಮಿ, ಕೈಕಾಲು ನೆಟ್ಟಗಿದೆಯಲ್ಲ, ಅಷ್ಟು ಸಾಕು" ಎಂದ. ನಾನು ಬಿಡಲಿಲ್ಲ. ಚೀಲದಿಂದ ಟೇಪು ತೆಗೆದು, ಒಂದು ತುದಿಯನ್ನು ಅವನ ಕೈಗೆ ಕೊಟ್ಟು ರಸ್ತೆಯ ಅಗಲ ಅಳೆದೆ. 5 ಮೀಟರ್ 40 ಸೆಂಟಿಮೀಟರ್ ಬಂತು. ನಾನು ಕೆಲಸಕ್ಕೆ ಸೇರಿದ ಕಾಲದ 33 ಅಡಿಯ, ಹದಿನಾರು ಆಣೆಯ ಸರಪಳಿಯಲ್ಲಿ ಹೇಳುವುದಾದರೆ ಒಂಬತ್ತು ಆಣೆಗೂ ಕಡಿಮೆ. ಮೇವು ಸೇರಿಸಿ ಟ್ರೈಲರು 2 ಮೀಟರ್ 40, ಕಾರು 1 ಮೀಟರ್ 80, ನನ್ನ ಹ್ಯಾಂಡಲ್ 60 ಸೆಂಟಿಮೀಟರ್. ಮೂರನ್ನೂ ಕೂಡಿ ರಸ್ತೆಯಿಂದ ಕಳೆದರೆ ಉಳಿಯುವುದು 60 ಸೆಂಟಿಮೀಟರ್. ಅದನ್ನು ಟ್ರೈಲರಿನ ಆಚೆ, ಟ್ರೈಲರಿಗೂ ಕಾರಿಗೂ ನಡುವೆ, ಕಾರಿಗೂ ಸೈಕಲ್ಲಿಗೂ ನಡುವೆ, ಸೈಕಲ್ಲಿನ ಈಚೆ ಎಂದು ನಾಲ್ಕು ಪಾಲು ಮಾಡಿದರೆ ತಲಾ ಒಂದು ಗೇಣೂ ಸಿಗುವುದಿಲ್ಲ. ಅವನು ಮೊದಲು ಲೈಟ್ ಹಾಕಿದಾಗ ಟ್ರ್ಯಾಕ್ಟರ್ ಹೊಂಗೆಮರದ ಹತ್ತಿರವಿತ್ತು, ಅಲ್ಲಿಂದ ಆಗ ನಾನಿದ್ದ ಜಾಗಕ್ಕೆ 80 ಮೀಟರ್ ಎಂದುಕೊಳ್ಳಿ. ಅರವತ್ತರಲ್ಲಿದ್ದೆ ಎಂದು ಅವನೇ ಒಪ್ಪಿಕೊಂಡ, ನಾನು ಹದಿನೈದರಲ್ಲಿ. ಎರಡೂ ಸೇರಿ ಆ ದೂರ ಮುಗಿಯಲು ನಾಲ್ಕು ಸೆಕೆಂಡೂ ಬೇಡ. ಕೊನೆಗೆ ಅಂಚಿನ ಎತ್ತರ ಅಳೆದೆ. ಸರಿಯಾಗಿ ಐದು ಅಂಗುಲ.

"ನೀನು ಇಳಿಸು ಅಂತ ಹೇಳಿದ ಜಾಗ ಇದು" ಎಂದು ತೋರಿಸಿದೆ. ಅವನು ಬಗ್ಗಿ ನೋಡಿದ. ಅಂತಹ ಒಂದು ಮೆಟ್ಟಿಲು ಅಲ್ಲಿದೆಯೆಂದು ಅವನಿಗೆ ಗೊತ್ತಿರಲಿಲ್ಲ ಎನ್ನುವುದು ಮುಖದಲ್ಲೇ ಕಂಡಿತು. ಆದರೆ ತಕ್ಷಣವೇ, "ಹಾಗಾದ್ರೆ ತಪ್ಪು ರೋಡ್ ಮಾಡಿದವರದು ಅಂಕಲ್" ಎಂದ.

ಅವನ ತಾಯಿ ಇಳಿದು ಬಂದು, ಬಿಸ್ಲೇರಿ ಬಾಟಲಿಯ ನೀರಿನಿಂದ ನನ್ನ ಅಂಗೈ ತೊಳೆದು, ಸೀರೆಯ ಸೆರಗಿನ ತುದಿಯಿಂದ ಜಲ್ಲಿಯ ಹರಳುಗಳನ್ನು ಒತ್ತಿ ತೆಗೆದರು. ಅವರು ಕೈ ಹಿಡಿದಿರುವಷ್ಟು ಹೊತ್ತು ನನಗೆ ಅವರ ಮಗನ ಮೇಲೆ ಕೂಗಾಡಲಾಗಲಿಲ್ಲ. ಹುಡುಗ ಫೋನ್ ಹಿಡಿದು, "ನಂಬರ್ ಹೇಳಿ, ಐದು ಸಾವಿರ ಕಳಿಸ್ತೀನಿ" ಎಂದ. ಬೇಡವೆಂದೆ. ಅಷ್ಟರಲ್ಲಿ ಸೇರಿದವರಲ್ಲಿ ಯಾರೋ 112ಕ್ಕೆ ಕರೆ ಮಾಡಿದ್ದರು.

ಜೀಪು ಬಂದ ಮೇಲೆ ಪೊಲೀಸಿನವರು ಕೇಳಿದ ಮೊದಲ ಪ್ರಶ್ನೆ, "ಗಾಡಿ ತಾಗಿದೆಯಾ ಸಾರ್?" ಎಂಬುದು. ತಾಗಿಲ್ಲವೆಂದೆ. ಹಾಗಾದರೆ ಕೇಸು ಹೇಗಾಗುತ್ತದೆ ಎನ್ನುವಂತೆ ಅವರು ಟ್ರ್ಯಾಕ್ಟರಿನವನ ಮುಖ ನೋಡಿದರು. ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮು, ಅಂದರೆ ಹಳೆಯ 279, ತಾಗಬೇಕೆಂದು ಎಲ್ಲಿಯೂ ಹೇಳುವುದಿಲ್ಲ, ಮನುಷ್ಯನ ಜೀವಕ್ಕೆ ಅಪಾಯವಾಗುವಂತೆ ದುಡುಕಿನಿಂದ ಗಾಡಿ ಓಡಿಸಿದರೆ ಸಾಕು ಎನ್ನುತ್ತದೆ. ಮೋಟಾರು ವಾಹನ ಕಾಯ್ದೆಯ 184ರಲ್ಲಿಯೂ 2019ರ ತಿದ್ದುಪಡಿಯ ನಂತರ ನಿಯಮಕ್ಕೆ ವಿರುದ್ಧವಾಗಿ ಓವರ್‌ಟೇಕ್ ಮಾಡುವುದನ್ನು ಹೆಸರಿಟ್ಟೇ ಸೇರಿಸಿದ್ದಾರೆ. ಇದನ್ನು ಹೇಳಿದಾಗ ಅವರು ಸಿಟ್ಟಾಗಲಿಲ್ಲ. "ಕೇಸ್ ಮಾಡೋಣ ಸಾರ್, ನಿಮ್ಮಿಷ್ಟ. ನೀವು ಆಸ್ಪತ್ರೆಗೆ ಹೋಗಿ ವೂಂಡ್ ಸರ್ಟಿಫಿಕೇಟ್ ತರಬೇಕು. ಗಾಡಿ ಸ್ಟೇಷನ್‌ನಲ್ಲಿ ನಿಲ್ಲುತ್ತೆ. ಕೋರ್ಟ್‌ಗೆ ಕರೆದಾಗ ಬರಬೇಕು. ನಿಮ್ಮದು ನಂಬರೂ ಇಲ್ಲ, ಲೈಟೂ ಇಲ್ಲ, ಅವರ ಲಾಯರ್ ಅದನ್ನೇ ಕೇಳ್ತಾರೆ." ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ನಾನು ಮುಚ್ಚಳಿಕೆ ಬರೆಸಿಕೊಡಿ ಎಂದೆ. ಇನ್ನೂ ಬಿಸಿಯಾಗಿದ್ದ ಬಾನೆಟ್ ಮೇಲೆ ಕಾಗದವಿಟ್ಟು ಹುಡುಗ ಬರೆಯತೊಡಗಿದ. ಅಕ್ಷರ ಚೆನ್ನಾಗಿತ್ತು. ನಿರ್ಲಕ್ಷ್ಯದಿಂದ ಓಡಿಸಿದ್ದಕ್ಕೆ ಕ್ಷಮೆ ಕೇಳುತ್ತೇನೆ ಎಂದು ಯಾರೂ ಹೇಳದೆಯೇ ಬರೆದ. ಟ್ರ್ಯಾಕ್ಟರನ್ನು ಹಿಂದಿಕ್ಕುವಾಗ ಎದುರಿನಿಂದ ಬರುತ್ತಿದ್ದ ಸೈಕಲ್ ಸವಾರರ ಜಾಗಕ್ಕೆ ಬಂದೆ ಎಂದೂ ಬರೆಯಲು ನಾನು ಹೇಳಿದಾಗ ಮಾತ್ರ ಪೆನ್ನು ನಿಂತಿತು.

"ಜಾಗ ಅಂದ್ರೆ? ರೋಡ್ ಎಲ್ಲರದೂ ಅಲ್ವಾ?"

"ಆ ಹೊತ್ತಿಗೆ ಅದು ನನ್ನದು. ನಾನು ಎಡಗಡೆ ಹೋಗ್ತಿದ್ದೆ."

ಅವನು ಒಪ್ಪಲಿಲ್ಲ. ದುಡ್ಡು ಕೊಡಲು ಸಿದ್ಧನಿದ್ದ, ಕ್ಷಮೆ ಕೇಳಲು ಸಿದ್ಧನಿದ್ದ, ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ ಎಂದೂ ಹೇಳಿದ. ರಸ್ತೆಯಲ್ಲಿ ಸೈಕಲ್ಲಿನವನಿಗೆ ಸೇರಿದ ಜಾಗವೊಂದಿದೆ ಎಂದು ಬರೆಯುವುದಕ್ಕೆ ಮಾತ್ರ ಅವನ ಕೈ ಏಳಲಿಲ್ಲ. ಹತ್ತು ನಿಮಿಷ ಇದೇ ಮಾತಾಯಿತು. ಹಿಂದೆ ಗಾಡಿಗಳು ಹಾರನ್ ಹೊಡೆಯುತ್ತಿದ್ದವು, ಅಂಗೈ ಉರಿಯುತ್ತಿತ್ತು. ಕೊನೆಗೆ ಪೊಲೀಸಿನವರೇ 'ರಸ್ತೆಯ ಬಲಭಾಗಕ್ಕೆ ಬಂದೆ' ಎಂದು ತಿದ್ದಿಸಿದರು. ಹಾಗೆ ಬರೆದರೆ ಆ ಭಾಗ ಯಾರದು ಎಂಬ ಮಾತೇ ಏಳುವುದಿಲ್ಲ. ಎರಡೂ ಕಡೆಯವರು ಸಹಿ ಹಾಕಬಹುದಾದ ಇಂಥ ವಾಕ್ಯಗಳನ್ನು ನಾನೇ ಎಷ್ಟು ಮಹಜರುಗಳಲ್ಲಿ ಬರೆದಿದ್ದೇನೋ ಲೆಕ್ಕವಿಲ್ಲ. ಸಹಿ ಹಾಕಿದೆ. ಕಿಟಕಿಯೊಳಗೆ ಕೈ ಹಾಕಿದ್ದಕ್ಕೆ ನಾನೂ ಅವನಲ್ಲಿ ಕ್ಷಮೆ ಕೇಳಿದೆ.

ಸ್ನೇಹಿತರ ತೋಟಕ್ಕೆ ಅಂದು ಹೋಗಲಾಗಲಿಲ್ಲ. ಮರುವಾರವೇ ಸೈಕಲ್ಲಿಗೆ ಮುಂದೊಂದು ಹಿಂದೊಂದು ದೀಪ ಹಾಕಿಸಿದೆ, ಮಗಳು ತಂದುಕೊಟ್ಟ ಕಿತ್ತಳೆ ಬಣ್ಣದ ಜಾಕೆಟ್ಟನ್ನೂ ನಾಚಿಕೆ ಬಿಟ್ಟು ತೊಡುತ್ತೇನೆ. ಅಂಚಿಗೆ ಮಣ್ಣು ತುಂಬಿಸಬೇಕೆಂದು ಅಳತೆಯ ನಕಾಶೆ ಸಮೇತ ಸಂಬಂಧಪಟ್ಟವರಿಗೆ ಅರ್ಜಿ ಕೊಟ್ಟೆ. ಏಪ್ರಿಲ್‌ನಲ್ಲಿ ಒಂದಷ್ಟು ಲೋಡು ಮಣ್ಣು ಬಿತ್ತು. ಮೇ ತಿಂಗಳ ಮೊದಲ ಮಳೆಗೆ ಅರ್ಧ ಹೋಯಿತು.

ಮೊನ್ನೆ ಅದೇ ರಸ್ತೆಯಲ್ಲಿ ಹೋಗುತ್ತಿದ್ದೆ. ಎದುರಿನಿಂದ ಒಂದು ಗಾಡಿ ಮಿನಿ ಬಸ್ಸಿನ ಹಿಂದಿನಿಂದ ಮೂತಿ ಹೊರಗೆ ಹಾಕಿ ಲೈಟ್ ಮಿಟುಕಿಸಿತು. ಇನ್ನೂ ಬಹಳ ದೂರವಿತ್ತು. ಕದಲದೆ ನನ್ನ ಜಾಗದಲ್ಲೇ ಹೋಗಬೇಕೆಂದು ಎಷ್ಟೋ ದಿನದಿಂದ ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡಿದ್ದೆ. ಗಾಡಿಯವನು ಮನಸ್ಸು ಬದಲಾಯಿಸಿ ಬಸ್ಸಿನ ಹಿಂದಕ್ಕೆ ಸರಿದ. ನಾನು ಆಗಲೇ ಇಳಿದು, ಸೈಕಲ್ ಹಿಡಿದುಕೊಂಡು ಮಣ್ಣಿನಲ್ಲಿ ನಿಂತಿದ್ದೆ.