ನಮೂನೆ ತುಂಬಿಸುವ ಮೊದಲು

ಪಶ್ಚಿಮ ಸಿಡ್ನಿಯ ಬ್ಲ್ಯಾಕ್‌ಟೌನ್, ಮೌಂಟ್ ಡ್ರೂಯಿಟ್ ಸುತ್ತಮುತ್ತ ಆಸ್ಟ್ರೇಲಿಯದ ಮೂಲನಿವಾಸಿ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ನೆಲೆಸಿವೆ. ಆ ಭಾಗದ ಯುವಜನ ಸೇವಾ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಾ ನಾನು ಕಂಡುಕೊಂಡದ್ದೇನೆಂದರೆ, ಈ ಸಮುದಾಯದ ಹುಡುಗ ಹುಡುಗಿಯರು ಬಾಗಿಲಲ್ಲೇ ಹಿಂದೆ ಸರಿಯುವುದಕ್ಕೆ ಬಹುಮಟ್ಟಿಗೆ ನಮ್ಮ ದಾಖಲಾತಿಯ ಕ್ರಮವೇ ಕಾರಣ. ಗೋಡೆಗೆ ಕಪ್ಪು, ಕೆಂಪು, ಹಳದಿ ಬಣ್ಣದ ಅವರ ಬಾವುಟ ಹಾಕುವುದು ಒಳ್ಳೆಯದೇ. ಆದರೆ ಅದರ ಕೆಳಗೇ ಕುಳಿತು, ಪರಿಚಯವೂ ಆಗದ ಮೊದಲ ಭೇಟಿಯಲ್ಲಿ, ಮನೆಯಲ್ಲಿ ಯಾರು ಯಾರಿದ್ದಾರೆ, ಪೊಲೀಸ್ ಪ್ರಕರಣವೇನಾದರೂ ಇದೆಯೇ ಎಂದು ಪುಟಗಟ್ಟಲೆ ನಮೂನೆ ತುಂಬಿಸತೊಡಗಿದರೆ ಆ ಬಾವುಟದಿಂದ ಏನೂ ಪ್ರಯೋಜನವಿಲ್ಲ.

ಇಂಥ ಕಾಗದಗಳ ಬಗೆಗಿನ ಭಯಕ್ಕೆ ಇತಿಹಾಸವಿದೆ. ಸಿಡ್ನಿಯಿರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 1915ರ ಕಾನೂನು ತಿದ್ದುಪಡಿಯು, ನ್ಯಾಯಾಲಯದ ಮೆಟ್ಟಿಲು ಹತ್ತದೆಯೇ ಮೂಲನಿವಾಸಿ ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸುವ ಅಧಿಕಾರವನ್ನು ಸರ್ಕಾರಿ ಮಂಡಳಿಯೊಂದಕ್ಕೆ ಕೊಟ್ಟಿತು; ಹೆಸರು ಬದಲಿಸಿಕೊಂಡು ಮುಂದುವರಿದ ಆ ಮಂಡಳಿ ರದ್ದಾದದ್ದು 1969ರಲ್ಲಿ. 2008ರಲ್ಲಿ ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಆದರೂ ಹೆತ್ತವರಿಂದ ದೂರವಾಗಿ ಸರ್ಕಾರದ ಆರೈಕೆಗೆ ಒಳಪಟ್ಟ ಮಕ್ಕಳಲ್ಲಿ ಮೂಲನಿವಾಸಿಗಳ ಪ್ರಮಾಣ ಇಂದಿಗೂ ಅವರ ಜನಸಂಖ್ಯೆಯ ಪಾಲಿಗಿಂತ ಎಷ್ಟೋ ಪಟ್ಟು ಹೆಚ್ಚಿದೆ. ಹೀಗಿರುವಾಗ ಮೊಮ್ಮಗನೊಡನೆ ಬಂದ ಅಜ್ಜಿಯೊಬ್ಬರು "ಈ ಕಾಗದ ಯಾರ ಕೈ ಸೇರುತ್ತದೆ?" ಎಂದು ಕೇಳಿದರೆ ಅದು ಸರಿಯಾದ ಪ್ರಶ್ನೆಯೇ. ಹದಿನಾರರೊಳಗಿನ ಮಗುವಿಗೆ ಗಂಭೀರ ಅಪಾಯವಿದೆಯೆಂಬ ಶಂಕೆ ಬಂದರೆ ವರದಿ ಮಾಡುವುದು ನಮಗೆ ಕಾನೂನಿನ ಕಡ್ಡಾಯ. ಅದನ್ನು ಮೊದಲೇ ಬಾಯಿಬಿಟ್ಟು ಹೇಳುವುದರಿಂದ ಕೆಲವರು ಎದ್ದು ಹೋಗಬಹುದು. ಮುಚ್ಚಿಟ್ಟು ಆಮೇಲೆ ಬಯಲಾದರೆ ಇಡೀ ಬೀದಿಯೇ ನಮ್ಮತ್ತ ಸುಳಿಯುವುದಿಲ್ಲ.

ನಮ್ಮಲ್ಲಿ ಹುಡುಗರನ್ನು ಒಳಗೆ ಕರೆತಂದದ್ದು ಡ್ರೈವಿಂಗ್ ಲೈಸೆನ್ಸ್. ಈ ರಾಜ್ಯದಲ್ಲಿ ಇಪ್ಪತ್ತೈದರೊಳಗಿನ ಕಲಿಕಾರ್ಥಿ ಸಾಮಾನ್ಯವಾಗಿ 120 ಗಂಟೆಗಳ ಚಾಲನೆಯನ್ನು, ಅದರಲ್ಲಿ 20 ಗಂಟೆ ರಾತ್ರಿಯ ಚಾಲನೆಯನ್ನು, ಲಾಗ್‌ಬುಕ್‌ನಲ್ಲಿ ದಾಖಲಿಸಬೇಕು. ಮನೆಯಲ್ಲಿ ಕಾರೂ ಇಲ್ಲದೆ, ಲೈಸೆನ್ಸ್ ಇರುವ ಹಿರಿಯರೂ ಇಲ್ಲದೆ ಆ ಗಂಟೆಗಳು ಎಲ್ಲಿಂದ ಬರಬೇಕು? ಅದಕ್ಕೂ ಮುಂಚೆ ಜನನ ಪ್ರಮಾಣಪತ್ರವೇ ಇಲ್ಲದವರಿದ್ದಾರೆ; ಕೆಲವರ ಜನನ ನೋಂದಣಿಯೇ ಆಗಿರುವುದಿಲ್ಲ. ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಸಿ, ಜೊತೆಯಲ್ಲಿ ಕಾರಿನಲ್ಲಿ ಕುಳಿತು ಗಂಟೆಗಳನ್ನು ಬರೆಸುವಾಗ, ಆಪ್ತಸಮಾಲೋಚನೆಯ ಕೋಣೆಯಲ್ಲಿ ತುಟಿ ಬಿಚ್ಚದ ಹುಡುಗ ರಸ್ತೆಯ ಮೇಲೆ ಕಣ್ಣಿಟ್ಟುಕೊಂಡೇ ನಿದ್ದೆ ಬಾರದ ರಾತ್ರಿಗಳ ಬಗ್ಗೆ ಮಾತಾಡುತ್ತಾನೆ.

ಭೇಟಿ ತಪ್ಪಿಸಿಕೊಂಡವರ ಕಡತ ಮುಚ್ಚುವ ನಿಯಮವನ್ನೂ ಬದಲಿಸಬೇಕಾಯಿತು. ಬಂಧುಗಳಲ್ಲಿ ಸಾವು ಸಂಭವಿಸಿದರೆ ಇಡೀ ಕುಟುಂಬ ನೂರಾರು ಕಿಲೋಮೀಟರ್ ದೂರದ ವಾಲ್ಗೆಟ್‌ಗೋ ಬ್ರೆವಾರಿನಾಗೋ ಹೊರಡುತ್ತದೆ, ಹಿಂತಿರುಗಲು ವಾರಗಳೇ ಹಿಡಿಯಬಹುದು; ಅದನ್ನು ಗೈರುಹಾಜರಿ ಎಂದು ಬರೆಯುವುದು ಸಲ್ಲದು. ಇನ್ನು, ಸಲಹೆಗೆಂದು ಕರೆಯುವ ಸಮುದಾಯದ ಹಿರಿಯರಿಗೆ ಚಹಾ ಬಿಸ್ಕತ್ತು ಕೊಟ್ಟು ಕಳಿಸುವ ಪದ್ಧತಿ ಹಲವೆಡೆ ಈಗಲೂ ಇದೆ. ಬೇರೆ ತಜ್ಞರಿಗೆ ಸಲ್ಲುವ ಗೌರವಧನ ಅವರಿಗೂ ಸಲ್ಲಬೇಕೆಂದು ನಮ್ಮ ಬಜೆಟ್‌ನಲ್ಲಿ ಅದಕ್ಕೊಂದು ಪ್ರತ್ಯೇಕ ಬಾಬ್ತು ಇಟ್ಟಿದ್ದೇವೆ.